ಕೋಣೆ ಕಾಯಿಸುವ ಅಗ್ಗಿಷ್ಟಿಕೆ ಕಟ್ಟುವುದು ಹೇಗೆ?

ಮಡಿಕೇರಿ, ಮೂಡಿಗೆರೆ, ಸಕಲೇಶಪುರದ ಕಡೆ ಹೊಸದಾಗಿ ಏಳುವ ಎಸ್ಟೇಟ್ ಮನೆ, ಹೋಂಸ್ಟೇಗಳಿಗೆ ಫೈರ್‌ಪ್ಲೇಸ್ ಈಗ ಕಡ್ಡಾಯ ಎನ್ನುವಂತಾಗಿದೆ. ಆದರೆ ಅವುಗಳಲ್ಲಿ ಬಹಳಷ್ಟು ಫೋಟೊಗಷ್ಟೇ ಲಾಯಕ್ಕು. ಬೆಂಕಿ ಹಚ್ಚಿದರೆ ಹೊಗೆ ಹಾಲಿಗೆ ಬರುತ್ತದೆ, ಬಿಸಿ ಚಿಮಣಿ ಹತ್ತಿ ಹೋಗುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರೊಳಗೆ ಹಿತ್ತಾಳೆ ಕೊಡ ಇಟ್ಟು ಅಲಂಕಾರ ಮಾಡಿರುತ್ತಾರೆ. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ, ಅವರ ಕೈಗೆ ಕೊಟ್ಟ ಅಳತೆಯೇ ತಪ್ಪಿರುತ್ತದೆ.

ತೆರೆದ ಬೆಂಕಿ ಕೋಣೆಯ ಗಾಳಿಯನ್ನು ಕಾಯಿಸುವುದಿಲ್ಲ. ಕಾದ ಗಾಳಿಯೆಲ್ಲ ಹೊಗೆಯ ಜೊತೆಗೇ ಮೇಲೇರುತ್ತದೆ. ನಮಗೆ ದಕ್ಕುವುದು ಜ್ವಾಲೆ, ಕೆಂಡ ಮತ್ತು ಕಾದ ಇಟ್ಟಿಗೆಯಿಂದ ನೇರವಾಗಿ ಮೈಗೆ ಬಡಿಯುವ ಝಳ ಮಾತ್ರ. ಹಾಗಾಗಿ ಬೆಂಕಿ ಉರಿಯುವ ಗೂಡು ಆಳವಾದಷ್ಟೂ ನಷ್ಟ. ಬೆಂಕಿ ಒಳಗೆಲ್ಲೋ ಉರಿಯುತ್ತದೆ, ಝಳ ಪಕ್ಕದ ಗೋಡೆಗಳಿಗೆ ಬಡಿದು ಅಲ್ಲೇ ಉಳಿಯುತ್ತದೆ. ಕೌಂಟ್ ರಮ್‌ಫೋರ್ಡ್ ಎಂದು ಹೆಸರಾದ ವಿಜ್ಞಾನಿ ಬೆಂಜಮಿನ್ ಥಾಮ್ಸನ್ ಇದನ್ನು 1796ರಲ್ಲೇ ಬರೆದಿಟ್ಟ. ಲಂಡನ್ನಿನ ಆಳವಾದ ಗೂಡುಗಳ ಒಳಗೆ ಹೊಸ ಗೋಡೆ ಎಬ್ಬಿಸಿ, ಅವನ್ನು ತೆಳುಮಾಡಿ, ಪಕ್ಕಗಳನ್ನು ಓರೆ ಮಾಡಿ, ಹೊಗೆಯ ದಾರಿಯನ್ನು ನಾಲ್ಕು ಇಂಚಿಗೆ ಇಳಿಸಿದ. ಅವನ ಅಳತೆ ಇಂದಿಗೂ ನಡೆಯುತ್ತದೆ. ಕೆಳಗಿರುವುದು ಅದೇ ಅಳತೆ, ಮಲೆನಾಡಿನ 14×16 ಅಡಿಯ ಹಾಲಿಗೆ ಹೊಂದಿಸಿದ್ದು. ಬ್ರಿಟಿಷರ ಕಾಲದ ಬಂಗಲೆಯಲ್ಲಿ ಎರಡಡಿ ಆಳದ ಹಳೇ ಗೂಡಿದ್ದರೆ ಒಡೆಯಬೇಕಿಲ್ಲ, ಅದರ ಒಳಗೇ ಕಟ್ಟಿಕೊಳ್ಳಬಹುದು.

ಸಾಮಾನು

ಫೈರ್ ಬ್ರಿಕ್, ಅಂದರೆ ಕಾವು ತಡೆಯುವ ಇಟ್ಟಿಗೆ (9×4½×3 ಇಂಚು), ಅದಕ್ಕೆ ತಕ್ಕ ಗಾರೆ, ಹೊರಗಡೆಗೆ ಮಾಮೂಲಿ ಸುಟ್ಟ ಇಟ್ಟಿಗೆ. ಗಾರೆ ಕೊಳ್ಳುವಾಗ ಮಾತ್ರ ಹುಷಾರು. ಅಂಗಡಿಯಲ್ಲಿ ‘ಫೈರ್ ಕ್ಲೇ’ ಎಂದು ಕೇಳಿದರೆ ಬರೀ ಮಣ್ಣಿನ ಪುಡಿ ಕೊಡುತ್ತಾರೆ. ಅದು ಗಟ್ಟಿಯಾಗಲು ಕುಲುಮೆಯ ಕಾವು ಬೇಕು. ಮನೆಯ ಬೆಂಕಿಗೆ ಅಷ್ಟು ಕಾವಿಲ್ಲ, ಆರು ತಿಂಗಳಲ್ಲಿ ಸಂದಿಯಿಂದ ಉದುರುತ್ತದೆ. ‘ಏರ್ ಸೆಟ್ಟಿಂಗ್’, ಅಂದರೆ ಗಾಳಿಗೇ ಗಟ್ಟಿಯಾಗುವಂಥದ್ದು, ಎಂದು ಚೀಲದ ಮೇಲೆ ಬರೆದಿರುವುದನ್ನೇ ಕೇಳಿ ತನ್ನಿ. ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಇಟ್ಟಿಗೆಯನ್ನು ಅದರಲ್ಲಿ ಒತ್ತಿ ಕೂರಿಸಬೇಕು. ಸಂದಿ 3 ಮಿಲಿಮೀಟರ್ ಮೀರಬಾರದು. ಬೆಂಕಿ ತಾಗುವ ಜಾಗದಲ್ಲಿ ಸಿಮೆಂಟ್ ಗಾರೆ ಬೇಡವೇ ಬೇಡ, ಕಾವಿಗೆ ಪುಡಿಯಾಗುತ್ತದೆ. ಗೂಡಿನೊಳಗೆ ಪಾಲಿಶ್ ಗ್ರಾನೈಟ್ ಅಂಟಿಸುವ ಶೋಕಿಯೂ ಬೇಡ, ಕಲ್ಲು ಚಕ್ಕೆಯೆದ್ದು ಸಿಡಿಯುತ್ತದೆ. ಹೊಳೆಯ ಕಲ್ಲು ಇನ್ನೂ ಅಪಾಯ, ಒಳಗೆ ನೀರಿನ ಪಸೆ ಇರುತ್ತದೆ.

ನೆಲದ ಗುರುತು

ಕಾಂಕ್ರೀಟ್ ಹಾಸಿನ ಮೇಲೆ ಫೈರ್ ಬ್ರಿಕ್ ಹಾಸಿ. ಗೂಡಿನ ಬಾಯಿಯ ಮುಂದೆ 20 ಇಂಚು, ಎರಡೂ ಪಕ್ಕ 12 ಇಂಚು ಕಲ್ಲು ಅಥವಾ ಇಟ್ಟಿಗೆಯ ನೆಲವೇ ಇರಬೇಕು, ಮರದ ನೆಲವಾಗಲಿ ಕಾರ್ಪೆಟ್ ಆಗಲಿ ಅಷ್ಟರೊಳಗೆ ಬರಕೂಡದು.

ಈಗ ಚಾಕ್‌ಪೀಸಿನಿಂದ 36 ಇಂಚಿನ ಗೆರೆ ಎಳೆಯಿರಿ. ಇದು ಗೂಡಿನ ಬಾಯಿ. ಅದಕ್ಕೆ ಸಮಾನಾಂತರವಾಗಿ 12 ಇಂಚು ಹಿಂದೆ ಇನ್ನೊಂದು ಗೆರೆ. ನಡುಮಧ್ಯದಿಂದ ಅತ್ತ ಆರು, ಇತ್ತ ಆರು ಇಂಚಿಗೆ ಗುರುತು ಹಾಕಿದರೆ 12 ಇಂಚಿನ ಹಿಂಗೋಡೆ ಸಿಕ್ಕಿತು. ಮುಂದಿನ ತುದಿಗಳನ್ನೂ ಹಿಂದಿನ ತುದಿಗಳನ್ನೂ ಜೋಡಿಸಿದರೆ ಓರೆ ಗೋಡೆಗಳು. ಕೋನ ಅಳೆಯುವ ಗೋಜೇ ಇಲ್ಲ: ಓರೆ ಗೆರೆಯ ಉದ್ದ ಎರಡೂ ಕಡೆ 17 ಇಂಚು ಬಂದರೆ ಗುರುತು ಸರಿ. ಹಿಂಗೋಡೆ 12 ಇಂಚೇ ಎಂದು ಮೇಸ್ತ್ರಿ ನಗಬಹುದು, ನಗಲಿ. ಬಾಯಿಯ ಅಗಲ ಕಡಿಮೆ ಮಾಡಿದರೂ ಆಳವನ್ನು ಮಾತ್ರ 12ಕ್ಕಿಂತ ಇಳಿಸಬೇಡಿ, ಹೊಗೆ ಹೊರಚೆಲ್ಲುತ್ತದೆ. ಬಾಯಿಯ ಎತ್ತರ 32 ಇಂಚು.

ಗೋಡೆ ಎಬ್ಬಿಸುವುದು ಮಾಮೂಲಿ ಕೆಲಸ. ಹಿಂಗೋಡೆ ಬುಡದಿಂದ ತಲೆಯವರೆಗೆ ತೂಗುಗುಂಡಿಗೆ ಸರಿಯಾಗಿ ನೆಟ್ಟಗಿರಲಿ, ಫೈರ್ ಬ್ರಿಕ್ಕಿನ ಹಿಂದೆ ಮಾಮೂಲಿ ಇಟ್ಟಿಗೆ ಸೇರಿ ಒಟ್ಟು ದಪ್ಪ 8 ಇಂಚಿಗೆ ಕಡಿಮೆಯಾಗದಿರಲಿ.

ಗಂಟಲು

ಕೆಡುವುದು ಇಲ್ಲಿ. ಹತ್ತರಲ್ಲಿ ಒಂಬತ್ತು ಗೂಡು ಹೊಗೆ ಉಗುಳುವುದೋ ಬಿಸಿ ನುಂಗುವುದೋ ಈ ಒಂದಡಿಯ ಜಾಗದ ತಪ್ಪಿನಿಂದ. ಗಂಟಲು ಎಂದರೆ ಗೂಡು ಮುಗಿದು ಚಿಮಣಿ ಶುರುವಾಗುವ ಇಕ್ಕಟ್ಟಿನ ಸಂದಿ. ಬಹುತೇಕ ಮನೆಗಳಲ್ಲಿ ಇದನ್ನು ಕಟ್ಟುವುದೇ ಇಲ್ಲ. ಬಾಯಿಯ ಮೇಲೆ ಅಡ್ಡ ತೊಲೆ, ಅಂದರೆ ಲಿಂಟಲ್, ಹಾಕಿ, ಅದರ ಮೇಲೆ ಗೂಡಿನಷ್ಟೇ ಅಗಲವಾಗಿ ಚಿಮಣಿ ಎಬ್ಬಿಸಿಬಿಡುತ್ತಾರೆ. ಆಗ ಹೊಗೆಯ ಜೊತೆ ಕೋಣೆಯ ಬೆಚ್ಚನೆಯ ಗಾಳಿಯೂ ಸಲೀಸಾಗಿ ಹೋಗುತ್ತದೆ, ಅದರ ಜಾಗ ತುಂಬಲು ಬಾಗಿಲ ಸಂದಿಯಿಂದ ಚಳಿಗಾಳಿ ನುಗ್ಗುತ್ತದೆ. ಕೂತವರಿಗೆ ಮುಂದೆ ಸೆಕೆ, ಬೆನ್ನಿಗೆ ಚಳಿ.

ಗಂಟಲಿನ ಅಳತೆ ಹಿಂದಿನಿಂದ ಮುಂದಕ್ಕೆ 4 ಇಂಚು. ಅದು ಲಿಂಟಲ್ಲಿನ ಅಡಿಯಿಂದ ಕನಿಷ್ಠ 12 ಇಂಚು ಮೇಲಿರಬೇಕು, ಅಂದರೆ ನೆಲದಿಂದ 44 ಇಂಚು. ಹಿಂಗೋಡೆ ಅಷ್ಟೂ ಎತ್ತರ ನೆಟ್ಟಗೆ ಬರುತ್ತದೆ. ಮುಂದಿನಿಂದ ಮಾತ್ರ ಗೋಡೆ ಒಳಕ್ಕೆ ಸರಿಯಬೇಕು. ಲಿಂಟಲ್ 4½ ಇಂಚು ದಪ್ಪ, ಗಂಟಲಿನ ಮುಂದಂಚು ಮುಖಗೋಡೆಯಿಂದ 8 ಇಂಚು ಒಳಗೆ, ಹಾಗಾಗಿ 12 ಇಂಚು ಏರುವಷ್ಟರಲ್ಲಿ 3½ ಇಂಚು ಒಳಕ್ಕೆ ಬಾಗಬೇಕು. ನಾಲ್ಕು ಸಾಲು ಇಟ್ಟಿಗೆ ಸಾಕು, ಪ್ರತಿ ಸಾಲು ಕೆಳಗಿನದಕ್ಕಿಂತ ಒಂದಿಂಚಿಗೆ ಚೂರು ಕಡಿಮೆ ಚಾಚಲಿ. ಆಮೇಲೆ ಆ ಮೆಟ್ಟಿಲುಗಳನ್ನೆಲ್ಲ ಅದೇ ಗಾರೆಯಿಂದ ತುಂಬಿ, ಕರಣೆಯಲ್ಲಿ ಉಜ್ಜಿ, ಕೈ ಸವರಿದರೆ ಎಲ್ಲೂ ತಡೆಯದಂತೆ ಗುಂಡಗೆ ಮಾಡಿ. ಲಿಂಟಲ್ಲಿನ ಒಳ ಅಂಚನ್ನೂ ಬಿಡಬೇಡಿ. ಚೂಪು ಮೂಲೆಗೆ ಬಡಿದ ಹೊಗೆ ಸುರುಳಿ ಸುತ್ತಿ ಕೋಣೆಗೇ ಮರಳುತ್ತದೆ. 9 ಇಂಚು ಅಗಲದ ಚಪ್ಪಟೆ ಆರ್‌ಸಿಸಿ ಲಿಂಟಲ್ ಎರಕ ಹೊಯ್ದರಂತೂ ಹೊಗೆಗೆ ಸೂರು ಕಟ್ಟಿಕೊಟ್ಟಂತೆಯೇ.

ಕೆಲಸ ನಡೆಯುವಾಗ 4 ಇಂಚಿಗೆ ಚೂರು ಕಡಿಮೆ ದಪ್ಪದ ಮರದ ತುಂಡೊಂದನ್ನು ಹಗ್ಗ ಕಟ್ಟಿ ಗಂಟಲಿನಲ್ಲಿ ಇಳಿಬಿಟ್ಟಿರಿ. ಅದು ಉದ್ದಕ್ಕೂ ಸಡಿಲವಾಗಿ ಓಡಾಡಿದರೆ ಅಳತೆ ಸರಿ, ಎಲ್ಲಾದರೂ ಕಚ್ಚಿಕೊಂಡರೆ ಅಲ್ಲೊಂದು ಗಾರೆಯ ಗಡ್ಡೆ ಕೂತಿದೆ ಎಂದರ್ಥ. ಒಣಗುವ ಮೊದಲೇ ಕೆರೆದು ತೆಗೆಯಿರಿ. ಓರೆ ಗೋಡೆಗಳ ನಡುವೆ ಈ ಸಂದಿ ಸುಮಾರು 64 ಚದರ ಇಂಚು ಆಗುತ್ತದೆ. ಬಾಯಿ 36×32, ಅಂದರೆ 1152 ಚದರ ಇಂಚು. ಗಂಟಲು ಅದರ ಇಪ್ಪತ್ತರಲ್ಲೊಂದು ಪಾಲಿಗಿಂತ ಕಡಿಮೆ ಇರಬಾರದು, ನಮ್ಮದು ದಾಟಿದೆ. ‘ಇನ್ನೂ ಸ್ವಲ್ಪ ಬಿಟ್ಟರೆ ಹೊಗೆ ಚೆನ್ನಾಗಿ ಹೋಗುತ್ತೆ ಸಾರ್’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಿಂಗೋಡೆಯನ್ನು ಮುಂದಕ್ಕೆ ಬಾಗಿಸುವ ಪದ್ಧತಿಯೂ ಇದೆ. ಕಲ್ಲಿದ್ದಲು ಉರಿಸುವ ಚಿಕ್ಕ ಒಲೆಗಳಿಗೆ ಅದು ಒಪ್ಪುತ್ತದೆ. ಸೌದೆಯ ತೆಳು ಗೂಡಿನಲ್ಲಿ ಮಾಡಿದರೆ ಜ್ವಾಲೆಯನ್ನೂ ಹೊಗೆಯನ್ನೂ ನಾವೇ ಕೋಣೆಯತ್ತ ತಳ್ಳಿದಂತಾಗುತ್ತದೆ.

ಹಿಂಗೋಡೆಯ ತಲೆಯನ್ನು ಚಪ್ಪಟೆಯಾಗಿ ಮುಗಿಸಿ. ಗಂಟಲಿನ ಹಿಂದಿನ ಈ ಕಟ್ಟೆ ಮೇಲಿನಿಂದ ಬೀಸುವ ಗಾಳಿಯನ್ನು ತಡೆದು ತಿರುಗಿಸುತ್ತದೆ, ಉದುರುವ ಮಸಿಯನ್ನೂ ಮಳೆಹನಿಯನ್ನೂ ಹಿಡಿದಿಡುತ್ತದೆ. ಮಸಿ ತೆಗೆಯಲು ಪಕ್ಕದಲ್ಲೊಂದು ಬೀಡಿನ (ಎರಕದ ಕಬ್ಬಿಣದ) ಬಾಗಿಲು ಕೂರಿಸಿ. ರಮ್‌ಫೋರ್ಡ್ ಚಿಮಣಿ ಗುಡಿಸುವವರು ತೂರಿಕೊಳ್ಳಲೆಂದು ಹಿಂಗೋಡೆಯ ಮೇಲ್ತುದಿಯಲ್ಲಿ ತೆಗೆದಿಡಬಹುದಾದ ಬಿಲ್ಲೆ ಬಿಡುತ್ತಿದ್ದ. ಗಂಟಲಿನ ಮೇಲೊಂದು ಮುಚ್ಚುವ ತಗಡು, ಡ್ಯಾಂಪರ್, ಇರಲೇಬೇಕು. ಬೆಂಕಿ ಇಲ್ಲದಾಗ ಮುಚ್ಚಿಡಿ, ಕೆಂಡ ಒಂದಿಷ್ಟು ಉಳಿದಿದ್ದರೂ ಮುಚ್ಚಬೇಡಿ.

ಚಿಮಣಿ

ಗಂಟಲಿನ ಮೇಲಿನ ಅಗಲ ಜಾಗ ಚಿಮಣಿಯ ಅಳತೆಗೆ ಇಕ್ಕಟ್ಟಾಗುತ್ತ ಹೋಗುವಾಗ ಒಂದಡಿ ಏರಿದರೆ ಪ್ರತಿ ಪಕ್ಕ 7 ಇಂಚಿಗಿಂತ ಹೆಚ್ಚು ಒಳಕ್ಕೆ ಬರಬಾರದು. ಚಿಮಣಿಯ ಒಳಗಿನ ವಿಸ್ತೀರ್ಣ ಬಾಯಿಯ ಹತ್ತರಲ್ಲೊಂದು ಪಾಲು. ನಮ್ಮ ಲೆಕ್ಕಕ್ಕೆ 11×11 ಇಂಚಿನ ಚೌಕ, ಇಲ್ಲವೇ 12 ಇಂಚು ವ್ಯಾಸದ ಸ್ಟೇನ್‌ಲೆಸ್ ಪೈಪು. ಜಿಐ ತಗಡಿನ ಪೈಪನ್ನು ಹೊಗೆಯ ಹುಳಿ ತಿಂದುಹಾಕುತ್ತದೆ. ಸಿಮೆಂಟ್ ಶೀಟಿನ ಪೈಪು ಕಾವಿಗೆ ಸಿಡಿಯುತ್ತದೆ. ನೆಲದಿಂದ ಚಿಮಣಿಯ ತುದಿಗೆ 15 ಅಡಿಯಾದರೂ ಬೇಕು. ಮಾಡು ದಾಟುವ ಜಾಗಕ್ಕಿಂತ 3 ಅಡಿ, ಸುತ್ತ 10 ಅಡಿಯೊಳಗಿನ ಮಾಡಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಲಿ. ಮನೆಯೊಳಗಿನ ಗೋಡೆಯಲ್ಲಿ ಏರುವ ಚಿಮಣಿ ಬೆಚ್ಚಗಿದ್ದು ಚೆನ್ನಾಗಿ ಎಳೆಯುತ್ತದೆ. ಹೊರಗೋಡೆಗೆ ಅಂಟಿದ್ದು ಜುಲೈ ಮಳೆಗೆ ತಣ್ಣಗಾಗಿ ಹೊಗೆಯನ್ನು ಕೆಳಗೇ ನಿಲ್ಲಿಸುತ್ತದೆ. ತೊಲೆ, ರೀಪುಗಳು ಚಿಮಣಿಯಿಂದ 2 ಇಂಚು ದೂರ. ಮೇಲಿನ ಟೋಪಿ ಚಿಮಣಿಯ ಬಾಯಿಯಿಂದ ಒಂದಡಿ ಮೇಲೆ, ನಾಲ್ಕೂ ಕಡೆ ತೆರೆದಿರಲಿ. ಬಾವಲಿ ಬಾರದಂತೆ ಜಾಲರಿ ಹಾಕುವುದಾದರೆ ಕಣ್ಣು ಅರ್ಧ ಇಂಚಿಗೆ ಕಡಿಮೆ ಬೇಡ, ಮಸಿ ಕಟ್ಟಿ ಮುಚ್ಚಿಹೋಗುತ್ತದೆ.

ಗಾಳಿ ಒಳಬರಲೂ ದಾರಿ ಬೇಕು. ಗಂಟಲಿನ ಅರ್ಧದಷ್ಟು, ಅಂದರೆ 4×4 ಇಂಚಿನ ಎರಡು ಕಿಂಡಿಗಳನ್ನು ಗೂಡಿನ ಆಚೀಚೆ, ನೆಲದ ಹತ್ತಿರ ಬಿಡಿ. ದೂರದ ಗೋಡೆಯಲ್ಲಿ ಬಿಟ್ಟರೆ ಚಳಿಗಾಳಿ ಇಡೀ ಹಾಲು ದಾಟಿ ಬರುತ್ತದೆ. ಬೆಂಕಿ ಉರಿಯುವಾಗ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಚಿಮಣಿ ಉಲ್ಟಾ ಎಳೆಯುತ್ತದೆ.

ಜಾಲರಿ ಒಲೆ

ಸೌದೆ ಇಡುವ ಕಬ್ಬಿಣದ ಜಾಲರಿಯ ಬಗ್ಗೆ ಎಲ್ಲರೂ ಅಸಡ್ಡೆ. 6 ಮಿಲಿಮೀಟರ್ ಸರಳು ಬೆಸೆದ ಅಂದದ ಬುಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ, ಒಂದು ಚಳಿಗಾಲಕ್ಕೆ ಜೋತುಬೀಳುತ್ತವೆ. ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿ: ಹಿಂದೆ 10, ಮುಂದೆ 16, ಆಳ 8 ಇಂಚು, ಕಾಲಿನ ಎತ್ತರ 3 ಇಂಚು. 16 ಮಿಲಿಮೀಟರ್ ಚೌಕ ಸರಳುಗಳು, ನಡುವೆ 12ರಿಂದ 15 ಮಿಲಿಮೀಟರ್ ಸಂದಿ. ಸರಳುಗಳನ್ನು ಎರಡೂ ತುದಿಗೆ ಬೆಸೆಯಬಾರದು. ಚೌಕಟ್ಟಿನ ತೋಡಿನಲ್ಲಿ 3 ಮಿಲಿಮೀಟರ್ ಸಡಿಲವಾಗಿ ಕೂರಲಿ. ಕಾದಾಗ ಹಿಗ್ಗಲು ಜಾಗ ಸಿಗದೆ ಸರಳು ಬಾಗುವುದು. ಸುಟ್ಟುಹೋದದ್ದನ್ನು ಒಂದೊಂದಾಗಿ ಬದಲಿಸಲೂ ಬರುತ್ತದೆ. ಮುಂದಿನ ತಡೆ ಎರಡೇ ತೆಳು ಸರಳು, ದಪ್ಪ ಹೂಬಳ್ಳಿಯ ಕೆತ್ತನೆ ಝಳಕ್ಕೆ ಅಡ್ಡ. ಬೀಡಿನ ಜಾಲರಿ ಸಿಕ್ಕರೆ ಇನ್ನೂ ಬಾಳಿಕೆ.

ಜಾಲರಿಯ ಅಡಿಯಿಂದ ನುಗ್ಗುವ ಗಾಳಿ ಸೌದೆಯನ್ನು ಸರಸರ ತಿನ್ನುತ್ತದೆ. ಲೀಡ್ಸ್‌ನ ಶಸ್ತ್ರವೈದ್ಯ ಪ್ರಿಜಿನ್ ಟೀಲ್ 1880ರ ದಶಕದಲ್ಲಿ ಕಲ್ಲಿದ್ದಲಿನ ಒಲೆಗಳಿಗೆ ಹೇಳಿದ ಉಪಾಯ ಇಲ್ಲಿಗೂ ಸೈ: ಜಾಲರಿಯ ಕೆಳಗಿನ ಮುಂಭಾಗವನ್ನು ಒಂದು ತಗಡಿನಿಂದ ಮುಚ್ಚಿಬಿಡುವುದು. ಹೊತ್ತಿಸುವಾಗ ತೆಗೆದಿಡಿ, ಬೆಂಕಿ ಹಿಡಿದ ಮೇಲೆ ಮುಚ್ಚಿ. ಸೌದೆಯವರು ಇನ್ನೊಂದನ್ನೂ ಮಾಡಬೇಕು. ಬೂದಿಯನ್ನು ದಿನಾ ಬಳಿಯದೆ ಜಾಲರಿಯ ಮಟ್ಟಕ್ಕೆ ಬರುವಷ್ಟು ಉಳಿಸಿಕೊಳ್ಳಿ, ಕೆಂಡ ಅದರ ಮೇಲೆ ನಿಧಾನ ಉರಿಯುತ್ತದೆ. ಕಲ್ಲಿದ್ದಲು ಉರಿಸುವವರು ಮಾತ್ರ ಅಡಿ ಖಾಲಿ ಇಡಬೇಕು, ಇಲ್ಲದಿದ್ದರೆ ಸರಳು ಕರಗುವಷ್ಟು ಕಾಯುತ್ತದೆ.

ಮೊದಲ ಬೆಂಕಿ

ಮೂರ್ನಾಲ್ಕು ವಾರ ಒಣಗಲು ಬಿಡಿ. ಮಳೆಗಾಲದಲ್ಲಿ ಕಟ್ಟಲೇಬೇಡಿ. ಮೊದಲ ವಾರ ದಿನಕ್ಕೊಂದು ಸಣ್ಣ ಬೆಂಕಿ, ಬರೀ ಪುರುಳೆ, ಕರಟ. ಮೊದಲ ದಿನವೇ ದೊಡ್ಡ ಬೊಡ್ಡೆ ಹಾಕಿದರೆ ಒಳಗಿನ ನೀರು ಆವಿಯಾಗಿ ಸಂದಿ ಸೀಳುತ್ತದೆ.

ಉರಿಯುವಾಗ ಲಿಂಟಲ್ಲಿನ ಅಂಚಿಗೆ ಊದುಬತ್ತಿ ಹಿಡಿದು ಈ ಮೂಲೆಯಿಂದ ಆ ಮೂಲೆಗೆ ಸರಿಸಿ. ಹೊಗೆಯ ಎಳೆ ಒಳಕ್ಕೆ ಬಾಗಿದರೆ ಸರಿ. ಹೊರಕ್ಕೆ ಬಂದರೆ ಮೊದಲು ಕಿಟಕಿಯೊಂದನ್ನು ಎರಡು ಇಂಚು ತೆರೆದು ನೋಡಿ. ನಿಂತಿತೇ? ಹಾಗಾದರೆ ಗಾಳಿಯ ಕಿಂಡಿ ಸಾಲದು. ನಿಲ್ಲದಿದ್ದರೆ ಒಂದು ತಗಡನ್ನು ಬಾಯಿಯ ಮೇಲಂಚಿಗೆ ಹಿಡಿದು ಇಂಚಿಂಚಾಗಿ ಇಳಿಸಿ. ಹೊಗೆ ನಿಂತ ಕಡೆ ಗುರುತು ಹಾಕಿ, ಅಲ್ಲಿಯವರೆಗೆ ಬಾಯಿ ಇಳಿಸಿದರೆ ಆಯಿತು. ಆರು ಇಂಚು ಇಳಿಸಿದರೂ ನಿಲ್ಲದಿದ್ದರೆ ತಪ್ಪು ಮೇಲಿದೆ: ಚಿಮಣಿ ಗಿಡ್ಡ, ಇಲ್ಲವೇ ಎದುರಿಗೆ ಮರ ಅಥವಾ ಗುಡ್ಡದ ಗಾಳಿ.

ಓರೆ ಗೋಡೆಗಳಿಗೆ ವರ್ಷಕ್ಕೊಮ್ಮೆ ಸುಣ್ಣ ಬಳಿಯಿರಿ. ಕಪ್ಪು ಬಣ್ಣ, ‘ಹೀಟ್ ಪ್ರೂಫ್’ ಬೆಳ್ಳಿ ಪೇಂಟು ಎರಡೂ ದಂಡ.

ಸೌದೆ

ಒಂದಿಡೀ ಬೇಸಿಗೆ ಮಾಡಿನಡಿ ಒಣಗಿದ, 12ರಿಂದ 14 ಇಂಚಿಗೆ ಕೊಯ್ದು ಸೀಳಿದ ಸೌದೆ ಬೇಕು. ಎರಡು ತುಂಡು ಒಂದಕ್ಕೊಂದು ಬಡಿದರೆ ಠಣ್ ಎನ್ನಬೇಕು, ದಬ್ ಎಂದರೆ ಹಸಿ. ಹಸಿ ಸೌದೆಯ ಕಾವೆಲ್ಲ ಅದರ ನೀರನ್ನೇ ಆರಿಸಲು ಹೋಗುತ್ತದೆ, ಉಳಿದ ಹೊಗೆ ಚಿಮಣಿಯೊಳಗೆ ಡಾಂಬರಿನಂಥ ಅಂಟು ಕಟ್ಟುತ್ತದೆ. ಅದಕ್ಕೆ ಕಿಡಿ ತಾಗಿದರೆ ಚಿಮಣಿಯೇ ಹೊತ್ತಿಕೊಳ್ಳುತ್ತದೆ. ಕಿತ್ತ ಕಾಫಿ ಗಿಡದ ಬೊಡ್ಡೆ ಒಣಗಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಗಟ್ಟಿ ಕೆಂಡ. ಸಿಲ್ವರ್ ಓಕ್ ಬೇಗ ಹಿಡಿಯುತ್ತದೆ, ಬೇಗ ಮುಗಿಯುತ್ತದೆ, ಹೊತ್ತಿಸಲು ಸಾಕು. ಪ್ಲೈವುಡ್, ಬಣ್ಣ ಬಳಿದ ಬಾಗಿಲ ತುಂಡು ಬೇಡ. ಸೌದೆಯನ್ನು ಅಡ್ಡ ಹಾಕುವುದಕ್ಕಿಂತ ಹಿಂಗೋಡೆಗೆ ಒರಗಿಸಿ ನಿಲ್ಲಿಸಿ, ಜ್ವಾಲೆ ಎತ್ತರಕ್ಕೆ ಎದ್ದು ಇಡೀ ಗೋಡೆಯನ್ನು ಕಾಯಿಸುತ್ತದೆ.

ಚಿಮಣಿ ಇಲ್ಲದ ಮಲಗುವ ಕೋಣೆಗೆ ಬಾಣಲೆಯಲ್ಲಿ ಕೆಂಡ ಒಯ್ದಿಡುವ ಅಡ್ಡದಾರಿ ಕೆಲವು ಕಡೆ ಇದೆ. ಇದ್ದಿಲಿನ ಕೆಂಡಕ್ಕೆ ಹೊಗೆಯಿಲ್ಲ, ಆದರೆ ಕಾರ್ಬನ್ ಮೊನಾಕ್ಸೈಡ್ ಇದೆ. ವಾಸನೆ ಬರುವುದಿಲ್ಲ, ಮಲಗಿದವರು ಏಳುವುದಿಲ್ಲ. ಗೂಡಿರುವ ಹಾಲಿನಲ್ಲೂ ಒಂದು ಸಿಒ (ಕಾರ್ಬನ್ ಮೊನಾಕ್ಸೈಡ್) ಅಲಾರಂ ತೂಗುಹಾಕಿ.

ಚಿಮಣಿಯನ್ನು ಮಳೆ ಮುಗಿದ ಮೇಲೆ, ನವೆಂಬರಿಗೆ ಮುಂಚೆ ಒಮ್ಮೆ ಗುಡಿಸಿದರೆ ಸಾಕು. ಬಳಿದ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಿ ಹೊರಗಿಡಿ, ಪ್ಲಾಸ್ಟಿಕ್ ಬಕೆಟ್ಟಿಗೆ ಬೇಡ. ಮಾರನೇ ದಿನವೂ ಅದರೊಳಗೆ ಕೆಂಡ ಇರುತ್ತದೆ.