135 ಕ್ಲಿಕ್ಕಿನಲ್ಲಿ ಹತ್ತೊಂಬತ್ತನೇ ಗೇಟು

ತುಂಗಭದ್ರಾ ಡ್ಯಾಮಿನ 33 ಕ್ರೆಸ್ಟ್ ಗೇಟುಗಳಲ್ಲಿ (ಕಟ್ಟೆಯ ನೆತ್ತಿಯ ಮೇಲಿನ ಗೇಟುಗಳು) 19ನೆಯದು 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು ಕೊಚ್ಚಿಹೋಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆಗಸ್ಟ್ 17ರ ಹೊತ್ತಿಗೆ ಆ ಜಾಗಕ್ಕೆ ಐದು ತುಂಡುಗಳ ಸ್ಟಾಪ್‌ಲಾಗ್, ಅಂದರೆ ಒಂದರ ಮೇಲೊಂದು ಇಳಿಸಿ ನೀರು ತಡೆಯುವ ಅಡ್ಡಫಲಕ, ಕೂತಿತು. ಮುನಿರಾಬಾದ್, ಕೊಪ್ಪಳದ ಕಡೆಯ ಹೈಸ್ಕೂಲು ಮಕ್ಕಳಿಗೆ ಸುದ್ದಿ ಗೊತ್ತಿರುತ್ತದೆ. ಆದರೆ ಹರಿಯುವ ನೀರಿಗೆ ಅಡ್ಡ ಹೇಗೆ ಇಟ್ಟರು ಎಂದು ಕೇಳಿ ನೋಡಿ, ಅರ್ಧಕ್ಕೇ ತಡವರಿಸುತ್ತಾರೆ. ಅದನ್ನು ಅವರ ಕೈಯಿಂದಲೇ 20 ಸೆಕೆಂಡಿನ ಸ್ಟಾಪ್ ಮೋಷನ್ ಚಿತ್ರವಾಗಿ (ವಸ್ತುವನ್ನು ಚೂರುಚೂರೇ ಸರಿಸಿ ತೆಗೆದ ಫೋಟೋಗಳನ್ನು ಜೋಡಿಸಿ ಓಡಿಸುವ ಚಿತ್ರ) ಮಾಡಿಸಬಹುದು. ಒಂದು ಫೋನು, ರಟ್ಟು, ಬಣ್ಣದ ಕಾಗದ, ಎರಡು ಎಲ್‌ಇಡಿ ಬಲ್ಬು ಇದ್ದರೆ ಆಯಿತು.

ಫೋನು ಮೊದಲ ದಿನ ಹೊರಗೆ ಬರುವುದೇ ಬೇಡ. ಅವತ್ತು ಕಾಗದದ ಕೆಲಸ.

ಮಕ್ಕಳು ತಾವಾಗಿ ಬರೆದರೆ ಡ್ಯಾಮನ್ನು ಮುಂದಿನಿಂದ ಬರೆಯುತ್ತಾರೆ. ಹಾಗೆ ಬರೆದರೆ ಚಿತ್ರ ಕೆಟ್ಟಿತೆಂದೇ ಲೆಕ್ಕ, ಏಕೆಂದರೆ ಧುಮುಕುವ ನೀರು ಸ್ಟಾಪ್‌ಲಾಗನ್ನು ಮುಚ್ಚಿಬಿಡುತ್ತದೆ. ಪಕ್ಕದಿಂದ ಸೀಳಿದಂತೆ ಬರೆಸಿ: ಎಡಕ್ಕೆ ಜಲಾಶಯದ ನೀರು, ನಡುವೆ ಕಟ್ಟೆಯ ನೆತ್ತಿ, ಬಲಕ್ಕೆ ಇಳಿಜಾರು. ಗೇಟು 60 ಅಡಿ ಅಗಲ, 20 ಅಡಿ ಎತ್ತರ. ಪಕ್ಕದ ನೋಟದಲ್ಲಿ ಅಗಲ ಕಾಣುವುದಿಲ್ಲ. 2 ಅಡಿಗೆ 1 ಸೆಂ.ಮೀ. ಹಿಡಿದರೆ ಗೇಟು 10 ಸೆಂ.ಮೀ. ಎತ್ತರದ ರಟ್ಟಿನ ಪಟ್ಟಿ, ಸ್ಟಾಪ್‌ಲಾಗಿನ ಒಂದೊಂದು ತುಂಡು 2 ಸೆಂ.ಮೀ. ಸರಪಳಿಗೆ ಕಪ್ಪು ಉಲ್ಲನ್ ದಾರ ಸಾಕು.

ಇಡೀ ಚಿತ್ರದ ಜೀವ ಇರುವುದು ನೀರಿನಲ್ಲಿ. ನೀಲಿ ಕಾಗದದ ಪಟ್ಟಿಯ ಮೇಲೆ 3 ಸೆಂ.ಮೀ.ಗೊಂದರಂತೆ ಬಿಳಿ ಅಡ್ಡಗೆರೆ ಎಳೆಸಿ. ಅದೇ ಅಳತೆಯ ಎರಡನೇ ಪಟ್ಟಿಯಲ್ಲಿ ಗೆರೆಗಳು 1 ಸೆಂ.ಮೀ. ಕೆಳಗೆ, ಮೂರನೆಯದರಲ್ಲಿ 2 ಸೆಂ.ಮೀ. ಕೆಳಗೆ. ಪ್ರತಿ ಫೋಟೋಕ್ಕೆ ಪಟ್ಟಿ ಬದಲಿಸಿ 1-2-3, 1-2-3 ಎಂದು ಇಡುತ್ತಾ ಹೋದರೆ ಪರದೆಯಲ್ಲಿ ನೀರು ಇಳಿಯುತ್ತದೆ. ಕೆಲಸ ಉಳಿಸಲು ಎರಡೇ ಪಟ್ಟಿ ಮಾಡಿದವರಿಗೆ ನೀರು ನಿಂತಲ್ಲೇ ನಡುಗುತ್ತದೆ. ಗೆರೆ ಮೇಲೆ ಹೋಯಿತೋ ಕೆಳಗೆ ಬಂತೋ ಕಣ್ಣಿಗೆ ತಿಳಿಯದು. ಒಂದೊಂದು ತುಂಡು ಕೂತ ಹಾಗೆ ನೀರಿನ ದಪ್ಪ 10, 8, 6, 4, 2 ಸೆಂ.ಮೀ.ಗೆ ಇಳಿಯಬೇಕು. ಅಂದರೆ ಒಟ್ಟು 15 ಪಟ್ಟಿ. ಐದು ಗುಂಪು ಮಾಡಿ ಗುಂಪಿಗೊಂದು ದಪ್ಪ ಹಂಚಿ. ಹಿಂಬದಿಯಲ್ಲಿ ನಂಬರು ಬರೆಸಲು ಮರೆಯಬೇಡಿ, ನಡುವೆ ಕಲೆಸಿಹೋದರೆ ನೀರು ಮೇಲಕ್ಕೆ ಹತ್ತುತ್ತದೆ. (ಮಕ್ಕಳಿಗೆ ಅದೂ ಖುಷಿಯೇ.)

ಸೆಕೆಂಡಿಗೆ 10 ಫೋಟೋ ಎಂದರೆ 200 ಬೇಕು. ಗೇಟು ಮುಚ್ಚಿದ ದೃಶ್ಯ 3 ಸೆಕೆಂಡ್, ಸರಪಳಿ ಕಡಿದು ಗೇಟು ಹೋಗುವುದು 1, ನೀರಿನ ರಭಸ 5, ಐದು ತುಂಡಿಗೆ ಒಂದೂವರೆಯಂತೆ 7.5, ನೀರು ನಿಂತ ಮೇಲೆ 3.5. ಅಲುಗಾಡದ ಮೊದಲ ಮತ್ತು ಕೊನೆಯ ದೃಶ್ಯಕ್ಕೆ ಒಂದೊಂದು ಫೋಟೋ ತೆಗೆದು ಆ್ಯಪಿನಲ್ಲಿ ಕಾಪಿ ಮಾಡಿ. ಆ ಎರಡನ್ನು ಬಿಟ್ಟರೆ ಉಳಿಯುವುದು 135 ಕ್ಲಿಕ್.

ಶೂಟಿಂಗಿಗೆ ಹಾಳೆಯನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ. ಅಕ್ಕಪಕ್ಕ ಎರಡು ಬೆಂಚು, ಮೇಲೆ ಅಡ್ಡ ಹಲಗೆ. ಫೋನನ್ನು ಕ್ಯಾಮೆರಾ ಹೊರಚಾಚುವಂತೆ ಹಲಗೆಗೆ ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ 90ನೇ ಫೋಟೋಕ್ಕೆ ಸರಿಯಾಗಿ ಫೋನು ಬಂದು ಹಲಗೆ ಗಡಗಡ ಎನ್ನುತ್ತದೆ. ಸ್ಟಾಪ್ ಮೋಷನ್ ಸ್ಟುಡಿಯೋದಂಥ ಆ್ಯಪಿನಲ್ಲಿ ಹಿಂದಿನ ಫೋಟೋ ಮಸುಕಾಗಿ ಕಾಣುವುದರಿಂದ ಎಷ್ಟು ಸರಿಸಿದ್ದೇವೆ ಎಂದು ನೋಡಿಕೊಳ್ಳಬಹುದು. ಹಳೆಯ ವೈರ್ ಇಯರ್‌ಫೋನಿನ ವಾಲ್ಯೂಮ್ ಬಟನ್ನಿನಿಂದ ಕ್ಲಿಕ್ ಮಾಡಲು ಬರುತ್ತದೆಯೇ ನೋಡಿ, ಬೆರಳು ತಾಗಿ ಫೋನು ಅಲುಗುವುದು ತಪ್ಪುತ್ತದೆ.

ಎಲ್ಲಕ್ಕಿಂತ ಹೆಚ್ಚು ಚಿತ್ರ ಕೆಡಿಸುವುದು ಬೆಳಕು. ಕಿಟಕಿಯ ಬಿಸಿಲು ಸರಿಯುತ್ತದೆ, ಮೋಡ ಬಂದು ಹೋಗುತ್ತದೆ, ಚಿತ್ರ ಮಿಣುಕುತ್ತದೆ. ಕಿಟಕಿ ಮುಚ್ಚಿ, ಎರಡೂ ಬದಿಗೆ 9 ವ್ಯಾಟಿನ ಬಲ್ಬು ಓರೆಯಾಗಿ ಇಡಿ. ಪರದೆಯನ್ನು ಒತ್ತಿ ಹಿಡಿದು ಫೋಕಸ್ಸು, ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕಿನ ಪ್ರಮಾಣ) ಎರಡನ್ನೂ ಲಾಕ್ ಮಾಡಿ. ಬಿಳಿ ಯೂನಿಫಾರ್ಮ್ ಹತ್ತಿರ ಬಂದರೂ ಹಾಳೆಯ ಬೆಳಕು ಬದಲಾಗುತ್ತದೆ. ಸುತ್ತ ಮೂರು ಅಡಿ ದೂರಕ್ಕೆ ಸುಣ್ಣದ ಗೆರೆ ಎಳೆದು, ಕ್ಲಿಕ್ಕಿನ ಹೊತ್ತಿಗೆ ಎಲ್ಲರೂ ಆಚೆ ನಿಲ್ಲಲಿ. ಕಾಗದ ಹಾರದಂತೆ ಫ್ಯಾನೂ ಆಫ್. ನಮ್ಮ ಕಡೆ ಏಪ್ರಿಲ್‌ನಲ್ಲಿ ಇದು ಆಗದ ಮಾತು. ಚಳಿಗಾಲಕ್ಕೆ ಇಟ್ಟುಕೊಳ್ಳಿ. ಕರೆಂಟು ಹೋದರೆ ಕಿಟಕಿ ತೆರೆದು ಮುಂದುವರಿಸದೆ ಕಾಯಿರಿ.

ತುಂಡು ಇಳಿಸುವಾಗ ಮೊದಲ 12 ಫೋಟೋಗಳಲ್ಲಿ ಒಂದೊಂದು ಸೆಂ.ಮೀ., ಕೊನೆಯ ಮೂರರಲ್ಲಿ ಅರ್ಧರ್ಧ. ಕೊನೆಗೆ ನಿಧಾನವಾದರೆ ರಟ್ಟಿಗೂ ಕಬ್ಬಿಣದ ಭಾರ ಬರುತ್ತದೆ. ಉದ್ದಕ್ಕೂ ಒಂದೇ ವೇಗದಲ್ಲಿ ಬಂದರೆ ಪೋಸ್ಟ್ ಕಾರ್ಡ್ ಜಾರಿದಂತೆ ಕಾಣುತ್ತದೆ.

ಧ್ವನಿ ಕೊನೆಗೆ. 20 ಸೆಕೆಂಡಿಗೆ 35 ಪದ ದಾಟಬಾರದು. ಉಳಿದ ಗೇಟುಗಳನ್ನು ತೆರೆದು ಜಲಾಶಯದ ಒತ್ತಡ ಇಳಿಸಿದ್ದು ಚಿತ್ರದಲ್ಲಿ ಕಾಣುವುದಿಲ್ಲವಾದ್ದರಿಂದ ಮಾತಿನಲ್ಲಿ ಬರಲೇಬೇಕು. ಫೋನನ್ನು ಬಾಯಿಂದ ಒಂದು ಗೇಣು ದೂರ ಹಿಡಿದು, ಮಗು ಮನೆಯಲ್ಲಿ ಆಡುವ ಕನ್ನಡದಲ್ಲೇ ಹೇಳಲಿ. ‘ಚೈನ್ ಹರಕೊಂಡು ಹೋತು’ ಎನ್ನುವುದನ್ನು ತಿದ್ದಿ ಪಠ್ಯಪುಸ್ತಕ ಮಾಡಬೇಡಿ.

ಮುಗಿದ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದು ಕುಗ್ಗಿ, ನೀರಿನ ಬಿಳಿ ಗೆರೆಗಳು ಕಲಸಿಹೋಗುತ್ತವೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.