ಮೊದಲ ಚಳಿಗಾಲಕ್ಕೆ ಮುಂಚೆ: ಬಾಯ್ಲರ್, ರೇಡಿಯೇಟರ್, ಬೂಷ್ಟು

ಊರಿನಲ್ಲಿ ಮನೆ ಕಟ್ಟುವುದು ಸೆಖೆ ಹೊರಗೆ ಹೋಗಲಿ ಎಂದು; ಬ್ರಿಟನ್ನಿನಲ್ಲಿ ಬಿಸಿ ಒಳಗೇ ನಿಲ್ಲಲಿ ಎಂದು. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಇಲ್ಲಿನ ಬಹುಪಾಲು ಮನೆಗಳಲ್ಲಿ ಗ್ಯಾಸ್ ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ಗೋಡೆಗೆ ಹಾಕಿದ ಲೋಹದ ರೇಡಿಯೇಟರ್‌ಗಳಿಗೆ ತಳ್ಳುತ್ತದೆ. ಹೆಸರು ರೇಡಿಯೇಟರ್ (ವಿಕಿರಣದಿಂದ ಬಿಸಿ ಸೂಸುವುದು) ಆದರೂ ಕೋಣೆ ಬೆಚ್ಚಗಾಗುವುದು ಮುಖ್ಯವಾಗಿ ಸಂವಹನದಿಂದ: ಕಾದ ಗಾಳಿ ಮೇಲೇರುತ್ತದೆ, ತಣ್ಣನೆಯದು ಕೆಳಗಿನಿಂದ ಬಂದು ಸೇರುತ್ತದೆ. ಎದುರಿಗೆ ಸೋಫಾ ಒತ್ತಿಟ್ಟರೆ, ಮೇಲೆ ಉದ್ದದ ಪರದೆ ಇಳಿಬಿಟ್ಟರೆ ಈ ಓಡಾಟ ನಿಂತು ಬಿಸಿಯೆಲ್ಲ ಕಿಟಕಿ ಗಾಜಿನ ಪಾಲು.

ಮನೆ ಎಷ್ಟು ಬಿಸಿಯಾದಾಗ ಬಾಯ್ಲರ್ ನಿಲ್ಲಬೇಕೆಂದು ಗೊತ್ತುಮಾಡುವ ಗೋಡೆಯ ಥರ್ಮೋಸ್ಟಾಟ್ 18ರಿಂದ 21 ಡಿಗ್ರಿಯಲ್ಲಿರಲಿ. 28ಕ್ಕೆ ತಿರುಗಿಸಿದರೆ ಮನೆ ಬೇಗ ಕಾಯುವುದಿಲ್ಲ, ಬಾಯ್ಲರ್ ನಿಲ್ಲುವುದು ತಡವಾಗುತ್ತದೆ ಅಷ್ಟೆ. ಟ್ಯಾಂಕ್ ಇಲ್ಲದೆ ನಲ್ಲಿಯ ಬಿಸಿನೀರನ್ನೂ ತಾನೇ ಕಾಯಿಸುವ ಕಾಂಬಿ ಬಾಯ್ಲರ್ ಆದರೆ ರೇಡಿಯೇಟರ್‌ಗೆ ಹೋಗುವ ನೀರನ್ನು 60 ಡಿಗ್ರಿಯ ಆಸುಪಾಸಿಗೆ ಇಳಿಸಿ. ಮರಳುವ ನೀರು 55ಕ್ಕಿಂತ ತಣ್ಣಗಿದ್ದರೆ ಹೊಗೆಯಲ್ಲಿನ ಹಬೆ ಬಾಯ್ಲರ್‌ನೊಳಗೇ ನೀರಾಗಿ, ಆ ಬಿಸಿಯೂ ದಕ್ಕುತ್ತದೆ. ಬಿಸಿನೀರಿನ ಟ್ಯಾಂಕ್ ಇರುವ ಮನೆಯಲ್ಲಿ ಇದನ್ನು ಇಳಿಸಲು ಹೋಗಬೇಡಿ. ಟ್ಯಾಂಕಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು.

ರೇಡಿಯೇಟರ್ ಕೆಳಗೆ ಬಿಸಿ, ಮೇಲೆ ತಣ್ಣಗೆ ಇದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಹೀಟಿಂಗ್ ಆರಿಸಿ, ಆರಲು ಬಿಡಿ. ಮೇಲಿನ ಮೂಲೆಯ ಚೌಕದ ಮೊಳೆಗೆ ರೇಡಿಯೇಟರ್ ಕೀಲಿ ಹಾಕಿ, ಕೆಳಗೆ ಬಟ್ಟೆ ಹಿಡಿದು, ಗಡಿಯಾರದ ವಿರುದ್ಧ ದಿಕ್ಕಿಗೆ ಕಾಲು ಸುತ್ತು ಬಿಡಿಸಿ. ಮೊದಲು ಬುಸ್ ಎನ್ನುತ್ತದೆ. ನೀರು ಬಂದೊಡನೆ ಬಿಗಿಮಾಡಿ. ಆಮೇಲೆ ಬಾಯ್ಲರ್‌ನ ಒತ್ತಡದ ಮುಳ್ಳು ನೋಡಿ: ತಣ್ಣಗಿರುವಾಗ 1ರಿಂದ 1.5 ಬಾರ್ ಇರಬೇಕು. ಕೆಳಭಾಗವೇ ತಣ್ಣಗಿದ್ದರೆ ಅದು ತಳ ಕಟ್ಟಿದ ಕೆಸರು, ಕೀಲಿಯ ಕೆಲಸವಲ್ಲ. ಬಾಡಿಗೆ ಮನೆಯಾದರೆ ಮಾಲೀಕರಿಗೆ ಹೇಳಿ.

ಬೂಷ್ಟಿನ ವಿಷಯ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ರೇಡಿಯೇಟರ್ ಮೇಲೆ ಹರವಿದ ಬಟ್ಟೆ (ಒಂದು ಲೋಡಿನಿಂದಲೇ ಸುಮಾರು 2 ಲೀಟರ್ ನೀರು), ಇವೆಲ್ಲ ಗಾಳಿಗೆ ಸೇರಿ ತಣ್ಣನೆಯ ಹೊರಗೋಡೆಯ ಮೇಲೆ ಹನಿಯಾಗುತ್ತವೆ. ಮೊದಲು ಕಪ್ಪಾಗುವುದು ಬೀರುವಿನ ಹಿಂದಿನ ಮೂಲೆ, ಗಾಳಿಯಾಡದ ಜಾಗ. ಬೀರುವನ್ನು ಗೋಡೆಯಿಂದ ಒಂದು ಅಂಗೈ ದೂರ ಎಳೆದಿಡಿ. ಅಡುಗೆಗೆ ಮುಚ್ಚಳ, ಎಕ್ಸ್‌ಹಾಸ್ಟ್ ಫ್ಯಾನ್. ಕಿಟಕಿ ಚೌಕಟ್ಟಿನ ಮೇಲಿನ ಸಣ್ಣ ಸೀಳುಗಂಡಿಗೆ ಚಳಿಯೆಂದು ಟೇಪು ಹಚ್ಚಬೇಡಿ. ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ತೆರೆದರೆ ತೇವದ ಗಾಳಿ ಹೋಗುತ್ತದೆ, ಗೋಡೆಯ ಬಿಸಿ ಅಷ್ಟರಲ್ಲಿ ಆರುವುದಿಲ್ಲ.

ಬಿಲ್ಲಿನ ಯೂನಿಟ್ ಊರಿನದೇ, ಒಂದು ಕಿಲೋವ್ಯಾಟ್ ಗಂಟೆ. ಗ್ಯಾಸಿನ ಬಿಲ್ಲನ್ನೂ ಇದರಲ್ಲೇ ಲೆಕ್ಕ ಹಾಕುತ್ತಾರೆ. ವಿದ್ಯುತ್ತಿನ ಯೂನಿಟ್ ದರ ಗ್ಯಾಸಿನ ಸುಮಾರು ನಾಲ್ಕು ಪಟ್ಟು, ಆದ್ದರಿಂದ 2 ಕಿಲೋವ್ಯಾಟಿನ ಪ್ಲಗ್ ಹೀಟರನ್ನು ದಿನವಿಡೀ ಉರಿಸುವ ಅಭ್ಯಾಸ ಬೇಡ.

ಹಿಮ ಬಿದ್ದ ಬೆಳಿಗ್ಗೆ ಬಾಯ್ಲರ್ ಗುಳುಗುಳು ಎಂದು ನಿಂತರೆ ಹಬೆಯಿಂದಾದ ನೀರನ್ನು ಬಾಯ್ಲರ್‌ನಿಂದ ಹೊರಬಿಡುವ, ಮನೆಯ ಹೊರಗಿನ ತೆಳು ಪ್ಲಾಸ್ಟಿಕ್ ಕೊಳವೆ ಹೆಪ್ಪುಗಟ್ಟಿರಬಹುದು. ಉಗುರುಬೆಚ್ಚಗಿನ ನೀರು ಸುರಿದು ರೀಸೆಟ್ ಒತ್ತಿ. ಕುದಿನೀರು ಸುರಿದರೆ ಕೊಳವೆ ಸೀಳಬಹುದು.

ಒಗ್ಗರಣೆ ಹೊಗೆಗೆ ಕೂಗಿತೆಂದು ಅಲಾರಂನ ಬ್ಯಾಟರಿ ಕಿತ್ತಿಡಬೇಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಕಿಟಕಿ ತೆರೆದು, ಹೊರಗೆ ಬಂದು 0800 111 999ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗಲೂ ಎತ್ತುತ್ತಾರೆ.