ಲಿನಕ್ಸ್ ಲ್ಯಾಪ್‌ಟಾಪ್ ಪರದೆ ನಿಂತುಹೋದರೆ: ಪವರ್ ಬಟನ್ ಒತ್ತುವ ಮೊದಲು, ಒತ್ತಿದ ಮೇಲೆ

ಪರದೆ ಇದ್ದಲ್ಲೇ ನಿಂತಿತು, ಏನು ಒತ್ತಿದರೂ ಅಲುಗಾಡುತ್ತಿಲ್ಲ ಎಂದಾಗ ಬಹುತೇಕರು ಪವರ್ ಬಟನ್ ಅದುಮಿ ಹಿಡಿಯುತ್ತಾರೆ. ಯಂತ್ರವೇನೋ ಮತ್ತೆ ಶುರುವಾಗುತ್ತದೆ. ಆದರೆ ಯಾಕೆ ನಿಂತಿತು ಎಂಬ ಸುಳಿವು ಮೆಮೊರಿಯ ಜೊತೆಗೇ ಅಳಿಸಿಹೋಗುತ್ತದೆ. ನಾಳೆ ಮತ್ತೆ ಅದೇ ಕಥೆ. ಪರದೆ ನಿಲ್ಲುವುದು ಲಕ್ಷಣ ಮಾತ್ರ. ಡೆಸ್ಕ್‌ಟಾಪ್ ಶೆಲ್ (ಕಿಟಕಿ, ಮೆನುಗಳನ್ನು ನಡೆಸುವ ಪ್ರೋಗ್ರಾಂ) ಸಿಕ್ಕಿಹಾಕಿಕೊಂಡಿರಬಹುದು, ಜಿಪಿಯು (ಚಿತ್ರ ಬಿಡಿಸುವ ಚಿಪ್) ಕೈಕೊಟ್ಟಿರಬಹುದು, ರ‍್ಯಾಮ್ ತುಂಬಿರಬಹುದು, ಡಿಸ್ಕ್ ಉತ್ತರ ಕೊಡದಿರಬಹುದು, ಇಲ್ಲವೇ ಇಡೀ ಸಿಸ್ಟಮ್‌ನ ತಿರುಳಾದ ಕರ್ನಲ್ಲೇ ನಿಂತಿರಬಹುದು. ಐದಕ್ಕೂ ಮದ್ದು ಬೇರೆ. ಯಾವುದೆಂದು ಗೊತ್ತಾಗುವುದು ನಿಂತ ಮೊದಲ ಕೆಲವು ನಿಮಿಷಗಳಲ್ಲಿ, ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಕೆಳಗಿನ ಆಜ್ಞೆಗಳನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ಚುಕ್ಕಿ, ಅಡಿಗೆರೆ, ಅಂಕಿಗಳು ಇದ್ದ ಹಾಗೇ ಇರಲಿ.

ಏನು ಬದುಕಿದೆ, ಏನು ಇಲ್ಲ

ಮೊದಲು ಒಂದು ನಿಮಿಷ ಏನೂ ಮಾಡದೆ ಕಾಯಿರಿ. ಜಿಪಿಯು ಸಿಕ್ಕಿಹಾಕಿಕೊಂಡರೆ ಡ್ರೈವರ್ ತಾನಾಗಿಯೇ ಅದನ್ನು ರೀಸೆಟ್ ಮಾಡಲು ನೋಡುತ್ತದೆ. ಎಷ್ಟೋ ಸಲ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಪರದೆ ಮರಳಿ ಬರುತ್ತದೆ.

ಬರಲಿಲ್ಲವೆಂದರೆ ಕ್ಯಾಪ್ಸ್ ಲಾಕ್ ಒತ್ತಿ ಅದರ ದೀಪ ನೋಡಿ. ದೀಪ ಹತ್ತಿ ಆರಿದರೆ ಕರ್ನಲ್ ಮಾತ್ರವಲ್ಲ, ಕೀಬೋರ್ಡ್ ಓದಿ ಪರದೆಗೆ ಚಿತ್ರ ಕಳಿಸುವ ಡಿಸ್‌ಪ್ಲೇ ಸರ್ವರ್ ಕೂಡ ಎಚ್ಚರವಾಗಿದೆ. ಹತ್ತದಿದ್ದರೆ ಕರ್ನಲ್ ಸತ್ತಿದೆ ಎಂದು ಹಲವರು ತೀರ್ಮಾನಿಸುತ್ತಾರೆ, ಅದು ತಪ್ಪು. ಗ್ರಾಫಿಕಲ್ ಸೆಷನ್‌ನಲ್ಲಿ ಆ ದೀಪವನ್ನು ಹೊತ್ತಿಸುವುದು ಡಿಸ್‌ಪ್ಲೇ ಸರ್ವರ್, ಅಂದರೆ ಎಕ್ಸ್ ಸರ್ವರ್ (ಎಕ್ಸ್11) ಅಥವಾ ವೇಲ್ಯಾಂಡ್ ಕಾಂಪೊಸಿಟರ್. ಅದೊಂದು ನಿಂತರೂ ದೀಪ ನಿಲ್ಲುತ್ತದೆ, ಕರ್ನಲ್ ಆರಾಮಾಗಿ ಓಡುತ್ತಿರುತ್ತದೆ. ದೀಪ ತಾನಾಗಿಯೇ ಒಂದೇ ಲಯದಲ್ಲಿ ಮಿನುಗುತ್ತಿದ್ದರೆ ಮಾತ್ರ ಅದು ಕರ್ನಲ್ ಪ್ಯಾನಿಕ್, ಅಂದರೆ ಸುಧಾರಿಸಲಾಗದ ದೋಷ ಕಂಡು ಕರ್ನಲ್ ತಾನೇ ನಿಂತಿದೆ. ಆಗ ಪವರ್ ಬಟನ್ ಬಿಟ್ಟು ಬೇರೆ ದಾರಿಯಿಲ್ಲ.

ಕರ್ಸರ್ ಮಾತ್ರ ಓಡಾಡುತ್ತಿದ್ದು ಉಳಿದದ್ದೆಲ್ಲ ನಿಂತಿದೆಯೇ? ಕರ್ಸರ್ ಅನ್ನು ಹಾರ್ಡ್‌ವೇರ್ ಬೇರೆ ಪದರದಲ್ಲಿ ತೋರಿಸುತ್ತದೆ. ಅಂದರೆ ಡಿಸ್‌ಪ್ಲೇ ಭಾಗ ಸರಿಯಿದೆ. ಶೆಲ್ ಅಥವಾ ಜಿಪಿಯುವಿನ ಚಿತ್ರ ಬಿಡಿಸುವ ಭಾಗ ನಿಂತಿದೆ. ಹಾಡು ಓಡುತ್ತಲೇ ಇದ್ದರೆ ಕರ್ನಲ್, ಆ ಆಪ್ ಎರಡೂ ಬದುಕಿವೆ.

ಆಮೇಲೆ ಕಂಟ್ರೋಲ್+ಆಲ್ಟ್+ಎಫ್3 (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಜೊತೆಗೆ ಎಫ್‌ಎನ್). ಕಪ್ಪು ಪರದೆಯ ಲಾಗಿನ್ ಬಂದರೆ ಅರ್ಧ ಕೆಲಸ ಮುಗಿದಂತೆ. ಲಾಗಿನ್ ಆಗಿ ಟಾಪ್ ಓಡಿಸಿ ಯಾವ ಪ್ರೋಗ್ರಾಂ ಸಿಪಿಯು ಅಥವಾ ಮೆಮೊರಿ ನುಂಗುತ್ತಿದೆ ನೋಡಿ, ಅದನ್ನು ಕಿಲ್ ಮಾಡಿ, ಕಂಟ್ರೋಲ್+ಆಲ್ಟ್+ಎಫ್1 ಅಥವಾ ಎಫ್2ಕ್ಕೆ ಮರಳಿ. ಅದಕ್ಕೂ ಜಗ್ಗದಿದ್ದರೆ "ಸುಡೊ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಡಿಸ್‌ಪ್ಲೇ-ಮ್ಯಾನೇಜರ್". ಇದರಿಂದ ತೆರೆದಿದ್ದ ಆಪ್‌ಗಳೆಲ್ಲ ಮುಚ್ಚಿಹೋಗುತ್ತವೆ. ಉಳಿಸದ ಕೆಲಸ ಹೋಗುತ್ತದೆ. ಗ್ನೋಮ್ ಡೆಸ್ಕ್‌ಟಾಪ್‌ನ ಎಕ್ಸ್11 ಸೆಷನ್ ಆಗಿದ್ದು ಕೀಬೋರ್ಡ್ ಸ್ಪಂದಿಸುತ್ತಿದ್ದರೆ ಇಷ್ಟು ದೂರ ಹೋಗಬೇಕಿಲ್ಲ: ಆಲ್ಟ್+ಎಫ್2, ಆರ್, ಎಂಟರ್ ಒತ್ತಿದರೆ ಶೆಲ್ ಮಾತ್ರ ಮರುಶುರುವಾಗುತ್ತದೆ, ಆಪ್‌ಗಳು ಉಳಿಯುತ್ತವೆ. ವೇಲ್ಯಾಂಡ್‌ನಲ್ಲಿ ಇದು ನಡೆಯದು, ಅಲ್ಲಿ ಶೆಲ್ಲೇ ಕಾಂಪೊಸಿಟರ್.

ಎಲ್ಲಕ್ಕಿಂತ ನಂಬಬಹುದಾದ ಪರೀಕ್ಷೆ ಬೇರೆ ಯಂತ್ರದಿಂದ ಎಸ್‌ಎಸ್‌ಎಚ್, ಅಂದರೆ ನೆಟ್‌ವರ್ಕ್ ಮೂಲಕ ಈ ಲ್ಯಾಪ್‌ಟಾಪ್‌ಗೆ ಲಾಗಿನ್ ಆಗುವುದು. ಇದನ್ನು ಹ್ಯಾಂಗ್ ಆಗುವ ಮೊದಲೇ ಸಿದ್ಧ ಮಾಡಿಟ್ಟಿರಬೇಕು: ಓಪನ್‌ಎಸ್‌ಎಸ್‌ಎಚ್ ಸರ್ವರ್ ಹಾಕಿ, ಲ್ಯಾಪ್‌ಟಾಪ್‌ನ ಐಪಿ ವಿಳಾಸ ಬರೆದಿಟ್ಟುಕೊಳ್ಳಿ. ಫೋನಿನಲ್ಲಿರುವ ಟರ್ಮಿನಲ್ ಆಪ್ ಕೂಡ ಸಾಕು. ಪದೇ ಪದೇ ಹ್ಯಾಂಗ್ ಆಗುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇನ್ನೊಂದಿಲ್ಲ. ಒಳಗೆ ಹೋಗಲು ಬಂದರೆ ದೋಷ ಗ್ರಾಫಿಕ್ಸ್ ಪದರದ್ದು. ಪಿಂಗ್‌ಗೆ (ಯಂತ್ರ ನೆಟ್‌ವರ್ಕ್‌ನಲ್ಲಿ ಉತ್ತರಿಸುತ್ತದೆಯೇ ಎಂದು ನೋಡುವ ಆಜ್ಞೆ) ಉತ್ತರ ಬಂದು ಲಾಗಿನ್ ಮಾತ್ರ ಮುಗಿಯದೆ ಕಾಯಿಸಿದರೆ ಮೆಮೊರಿ ಅಥವಾ ಡಿಸ್ಕ್ ಮೇಲೆ ಅನುಮಾನ. ಪಿಂಗ್ ಕೂಡ ಇಲ್ಲವೆಂದರೆ ಇಡೀ ಯಂತ್ರವೇ ನಿಂತಿದೆ.

ಒಳಗೆ ಹೋದ ಕೂಡಲೇ ಕರ್ನಲ್ ಸಂದೇಶಗಳನ್ನು ತೋರಿಸುವ "ಸುಡೊ ಡಿಮೆಸ್ಜ್ -ಟಿ" ಓಡಿಸಿ (ಡಿಮೆಸ್ಜ್ ಎಂದರೆ ಡಿ-ಎಂ-ಇ-ಎಸ್-ಜಿ; ಇಲ್ಲಿನ ಟಿ ದೊಡ್ಡಕ್ಷರ), ಕೊನೆಯ ಐವತ್ತು ಸಾಲುಗಳನ್ನು ಫೈಲಿಗೆ ಉಳಿಸಿ. ಇಂಟೆಲ್ ಜಿಪಿಯು ಆಗಿದ್ದರೆ /ಸಿಸ್/ಕ್ಲಾಸ್/ಡಿಆರ್‌ಎಂ/ಕಾರ್ಡ್0/ಎರರ್ ಎಂಬ ಫೈಲನ್ನೂ ನಕಲು ಮಾಡಿಕೊಳ್ಳಿ (ಕೆಲವು ಯಂತ್ರಗಳಲ್ಲಿ ಅದು ಕಾರ್ಡ್1). ಹ್ಯಾಂಗ್ ಆದ ಕ್ಷಣದ ಜಿಪಿಯು ಸ್ಥಿತಿ ಅದರಲ್ಲಿರುತ್ತದೆ. ಅದು ಇರುವುದು ಮೆಮೊರಿಯಲ್ಲಿ, ರೀಬೂಟ್ ಮಾಡಿದರೆ ಹೋಯಿತು.

ಯಾವುದೂ ಆಗದಿದ್ದರೆ: ಸಿಸ್‌ಆರ್‌ಕ್ಯೂ

ಸಿಸ್‌ಆರ್‌ಕ್ಯೂ ಎಂಬುದು ಪ್ರಿಂಟ್‌ಸ್ಕ್ರೀನ್ ಕೀಲಿಯ ಇನ್ನೊಂದು ಹೆಸರು. ಆಲ್ಟ್ ಹಿಡಿದು ಪ್ರಿಂಟ್‌ಸ್ಕ್ರೀನ್ ಜೊತೆ ಒಂದು ಅಕ್ಷರ ಒತ್ತಿದರೆ ಅದು ನೇರ ಕರ್ನಲ್‌ಗೆ ತಲುಪುತ್ತದೆ, ಡೆಸ್ಕ್‌ಟಾಪ್ ಅದನ್ನು ತಡೆಯಲಾರದು. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಹೀಗೆ: ಆಲ್ಟ್ ಹಿಡಿಯಿರಿ, ಎಫ್‌ಎನ್+ಪ್ರಿಂಟ್‌ಸ್ಕ್ರೀನ್ ಒತ್ತಿ, ಎಫ್‌ಎನ್ ಮಾತ್ರ ಬಿಡಿ, ಉಳಿದವನ್ನು ಹಿಡಿದೇ ಅಕ್ಷರ ಒತ್ತಿ. ಎಫ್‌ಎನ್ ಬಿಡದಿದ್ದರೆ ಅಕ್ಷರ ಬೇರೆ ಕೀಲಿಯಾಗಿ ಓದಿಕೊಳ್ಳುತ್ತದೆ. ಸಿಸ್‌ಆರ್‌ಕ್ಯೂ ಕೆಲಸ ಮಾಡುತ್ತಿಲ್ಲ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ.

ಮೊದಲು ಆರ್. ಇದು ಕೀಬೋರ್ಡನ್ನು ಡಿಸ್‌ಪ್ಲೇ ಸರ್ವರ್‌ನ ಹಿಡಿತದಿಂದ ಬಿಡಿಸುತ್ತದೆ. ಈಗ ಕಂಟ್ರೋಲ್+ಆಲ್ಟ್+ಎಫ್3 ಮತ್ತೊಮ್ಮೆ ಒತ್ತಿ, ಮೊದಲು ಬಾರದ ಲಾಗಿನ್ ಈಗ ಬರಬಹುದು. ರ‍್ಯಾಮ್ ತುಂಬಿದ ಅನುಮಾನವಿದ್ದರೆ ಎಫ್ ಒತ್ತಿ. ಅತಿ ಹೆಚ್ಚು ಮೆಮೊರಿ ತಿನ್ನುತ್ತಿರುವ ಪ್ರೋಗ್ರಾಂ ಅನ್ನು ಕರ್ನಲ್ ಕೊಲ್ಲುತ್ತದೆ. ಇದೂ ಆಗದಿದ್ದರೆ ಇ (ಎಲ್ಲ ಪ್ರೋಗ್ರಾಂಗಳಿಗೂ ನಿಲ್ಲಲು ಸೂಚನೆ), ಐ (ಬಲವಂತವಾಗಿ ಕೊಲ್ಲು), ಎಸ್ (ಬಾಕಿ ಡೇಟಾ ಡಿಸ್ಕಿಗೆ ಬರೆ), ಯು (ಡಿಸ್ಕನ್ನು ಓದಲು ಮಾತ್ರ ಎಂದು ಮರುಜೋಡಿಸು), ಬಿ (ರೀಬೂಟ್). ಒಂದೊಂದರ ನಡುವೆ ನಾಲ್ಕೈದು ಸೆಕೆಂಡು ಬಿಡಿ. ಎಸ್ ಒತ್ತಿದ ಕೂಡಲೇ ಬಿ ಒತ್ತಿದರೆ ಬರೆಯುವ ಕೆಲಸ ಮುಗಿದಿರುವುದಿಲ್ಲ.

ಈ ಸೌಲಭ್ಯ ಎಲ್ಲ ಡಿಸ್ಟ್ರೋಗಳಲ್ಲೂ ಪೂರ್ತಿ ತೆರೆದಿರುವುದಿಲ್ಲ. ಉಬುಂಟುವಿನಲ್ಲಿ ಕರ್ನಲ್.ಸಿಸ್‌ಆರ್‌ಕ್ಯೂ ಎಂಬ ಸೆಟ್ಟಿಂಗ್‌ನ ಮೌಲ್ಯ 176, ಅಂದರೆ ಎಸ್, ಯು, ಬಿ ಮಾತ್ರ. ಫೆಡೋರಾದಲ್ಲಿ 16, ಬರೀ ಎಸ್. ಮೇಲಿನ ಅಕ್ಷರಗಳೆಲ್ಲ ಬೇಕಿದ್ದರೆ 244 ಸಾಕು (ಒಂದೊಂದು ಗುಂಪಿನ ಅಕ್ಷರಗಳಿಗೆ ಒಂದೊಂದು ಅಂಕಿ, ಅವುಗಳ ಮೊತ್ತ: 4+16+32+64+128). /ಇಟಿಸಿ/ಸಿಸ್‌ಸಿಟಿಎಲ್.ಡಿ/ ಫೋಲ್ಡರ್‌ನಲ್ಲಿ .ಕಾನ್ಫ್ ಎಂದು ಕೊನೆಯಾಗುವ ಹೊಸ ಫೈಲ್ ಮಾಡಿ "ಕರ್ನಲ್.ಸಿಸ್‌ಆರ್‌ಕ್ಯೂ=244" ಎಂದು ಬರೆದು ರೀಬೂಟ್ ಮಾಡಿ. 1 ಎಂದು ಕೊಟ್ಟರೆ ಎಲ್ಲವೂ ತೆರೆಯುತ್ತದೆ, ಆದರೆ ಲ್ಯಾಪ್‌ಟಾಪ್ ಬೇರೆಯವರ ಕೈಗೆ ಸಿಗುವಂತಿದ್ದರೆ ಅಷ್ಟು ಬಾಗಿಲು ತೆರೆದಿಡುವುದು ಬೇಡ.

ಲಾಗ್ ಓದುವುದು

ರೀಬೂಟ್ ಆದ ಮೇಲೆ "ಜರ್ನಲ್‌ಸಿಟಿಎಲ್ -ಕೆ -ಬಿ -1". ಹಿಂದಿನ ಬೂಟ್‌ನ ಕರ್ನಲ್ ಸಂದೇಶಗಳು ಬರುತ್ತವೆ; ಕೊನೆಯ ಪುಟದಿಂದ ಮೇಲಕ್ಕೆ ಓದಿ. ಹಿಂದಿನ ಬೂಟ್ ಇಲ್ಲ ಎಂದರೆ ಲಾಗ್ ಡಿಸ್ಕಿಗೆ ಉಳಿಯುತ್ತಿಲ್ಲ ಎಂದರ್ಥ: /ವರ್/ಲಾಗ್/ಜರ್ನಲ್ ಎಂಬ ಫೋಲ್ಡರ್ ಮಾಡಿ ರೀಬೂಟ್ ಮಾಡಿ, ಮುಂದಿನ ಸಲಕ್ಕೆ ಉಳಿಯುತ್ತದೆ. ಪ್ಯಾನಿಕ್ ಆಗಿದ್ದರೆ /ವರ್/ಲಿಬ್/ಸಿಸ್ಟಮ್‌ಡಿ/ಪಿಸ್ಟೋರ್ ಫೋಲ್ಡರ್ ಕೂಡ ನೋಡಿ.

ಹುಡುಕಬೇಕಾದ ಗುರುತುಗಳು ಹೆಚ್ಚಿಲ್ಲ. "ಜಿಪಿಯು ಹ್ಯಾಂಗ್" ಎಂದು ಇಂಟೆಲ್‌ನ ಡ್ರೈವರ್ ಐ915 ಬರೆದಿದ್ದರೆ ಇಂಟೆಲ್ ಜಿಪಿಯು ನಿಂತಿದೆ. "ರಿಂಗ್ ಜಿಎಫ್‌ಎಕ್ಸ್" ಜೊತೆ "ಟೈಮ್‌ಔಟ್" ಇದ್ದರೆ ಎಎಂಡಿ. "ಎನ್‌ವಿಆರ್‌ಎಂ: ಎಕ್ಸ್‌ಐಡಿ" ಇದ್ದರೆ ಎನ್‌ವಿಡಿಯಾ. "ಫ್ಲಿಪ್ ಡನ್ ಟೈಮ್ಡ್ ಔಟ್" ಎಂದರೆ ಹೊಸ ಚಿತ್ರವನ್ನು ಪರದೆಗೆ ಬದಲಿಸುವ ಕೆಲಸ ಮುಗಿಯಲೇ ಇಲ್ಲ. ದೋಷ ಡಿಸ್‌ಪ್ಲೇ ಭಾಗದ್ದು. "ಔಟ್ ಆಫ್ ಮೆಮೊರಿ" ಇದ್ದರೆ ಜಿಪಿಯುವನ್ನು ಬಿಟ್ಟುಬಿಡಿ. ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಪ್ರೋಗ್ರಾಂ) ಲೋಡ್ ಆಗದೆ "ಎರರ್ -2" ಎಂದಿದ್ದರೆ ಆ ಫೈಲೇ ಇಲ್ಲ, ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಅಪ್‌ಡೇಟ್ ಮಾಡಿ. ಲಾಗ್ ಏನನ್ನೂ ಹೇಳದೆ ನಡುವೆಯೇ ಕಡಿದುಹೋಗಿದ್ದರೆ ಅದೂ ಒಂದು ಸುಳಿವೇ: ಕರ್ನಲ್ ತಟಕ್ಕನೆ ನಿಂತಿದೆ, ಇಲ್ಲವೇ ಬರೆಯಬೇಕಾದ ಡಿಸ್ಕೇ ಕೈಬಿಟ್ಟಿದೆ.

ಬೂಟ್ ಪ್ಯಾರಾಮೀಟರ್ ಒಂದು ಸಲಕ್ಕೆ ಮಾತ್ರ

ಮುಂದಿನ ಪರಿಹಾರಗಳಲ್ಲಿ ಹಲವು ಕರ್ನಲ್ ಪ್ಯಾರಾಮೀಟರ್‌ಗಳು, ಅಂದರೆ ಬೂಟ್ ಆಗುವಾಗ ಕರ್ನಲ್‌ಗೆ ಕೊಡುವ ಸೆಟ್ಟಿಂಗ್‌ಗಳು. ಮೊದಲು ಅವನ್ನು ತಾತ್ಕಾಲಿಕವಾಗಿ ಪರೀಕ್ಷಿಸಿ. ಬೂಟ್ ಆಗುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಗ್ರಬ್ (ಕರ್ನಲ್ ಲೋಡ್ ಮಾಡುವ ಪ್ರೋಗ್ರಾಂ) ಮೆನು ತರಿಸಿ, ಇ ಒತ್ತಿ, "ಲಿನಕ್ಸ್" ಎಂದು ಶುರುವಾಗುವ ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಬಿಟ್ಟು ಸೇರಿಸಿ, ಕಂಟ್ರೋಲ್+ಎಕ್ಸ್ ಒತ್ತಿ. ಬೂಟ್ ಆದ ಮೇಲೆ /ಪ್ರಾಕ್/ಸಿಎಂಡಿಲೈನ್ ಫೈಲ್ ತೆರೆದು ಅದು ನಿಜವಾಗಿ ಸೇರಿದೆಯೇ ನೋಡಿ. ಫಲ ಕೊಟ್ಟರೆ ಮಾತ್ರ /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿಗೆ ಹಾಕಿ. ಡೆಬಿಯನ್, ಉಬುಂಟುಗಳಲ್ಲಿ "ಸುಡೊ ಅಪ್‌ಡೇಟ್-ಗ್ರಬ್" ಓಡಿಸಿ. ಫೆಡೋರಾದಲ್ಲಿ ಈ ಕೆಲಸ ಗ್ರಬ್ಬಿ ಎಂಬ ಆಜ್ಞೆಯದು.

ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕು ಪ್ಯಾರಾಮೀಟರ್ ಒಟ್ಟಿಗೆ ಹಾಕಿ ಸರಿಹೋದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ, ಉಳಿದ ಮೂರು ಸುಮ್ಮನೆ ಬ್ಯಾಟರಿ ತಿನ್ನುತ್ತಿರುತ್ತವೆ. ದಿನಕ್ಕೊಮ್ಮೆ ಹ್ಯಾಂಗ್ ಆಗುತ್ತಿದ್ದರೆ ಒಂದೊಂದಕ್ಕೂ ಮೂರು ನಾಲ್ಕು ದಿನ ಕೊಡಿ.

ಎಲ್ಲಕ್ಕೂ ಮೊದಲು ಒಂದು ಪ್ರಶ್ನೆ: ತೊಂದರೆ ಇತ್ತೀಚಿನ ಅಪ್‌ಡೇಟ್ ಆದ ಮೇಲೆ ಶುರುವಾಯಿತೇ? ಹೌದಾದರೆ ಗ್ರಬ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಹಳೆಯ ಕರ್ನಲ್ ಆರಿಸಿ ಬೂಟ್ ಮಾಡಿ. ಅದರಲ್ಲಿ ಹ್ಯಾಂಗ್ ಆಗದಿದ್ದರೆ ಬೇರೇನೂ ಮಾಡಬೇಡಿ, ಹೊಸ ಕರ್ನಲ್ ಸರಿಹೋಗುವವರೆಗೆ ಹಳೆಯದನ್ನೇ ಉಳಿಸಿಕೊಳ್ಳಿ.

ಇಂಟೆಲ್

ಲ್ಯಾಪ್‌ಟಾಪ್‌ಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಪಿಎಸ್‌ಆರ್, ಅಂದರೆ ಪ್ಯಾನೆಲ್ ಸೆಲ್ಫ್ ರಿಫ್ರೆಶ್. ಪರದೆಯಲ್ಲಿ ಏನೂ ಬದಲಾಗದಿದ್ದಾಗ ಪ್ಯಾನೆಲ್ ತನ್ನಲ್ಲೇ ಇಟ್ಟುಕೊಂಡ ಚಿತ್ರವನ್ನು ತೋರಿಸುತ್ತದೆ, ಜಿಪಿಯು ನಿದ್ರಿಸಿ ಬ್ಯಾಟರಿ ಉಳಿಸುತ್ತದೆ. ನಿದ್ರೆಯಿಂದ ಏಳುವುದರಲ್ಲಿ ಎಡವಟ್ಟಾದರೆ ಹಳೆಯ ಚಿತ್ರವೇ ನಿಂತಿರುತ್ತದೆ. ಲಕ್ಷಣ ಸ್ಪಷ್ಟ: ಓದುತ್ತಾ ಸುಮ್ಮನಿದ್ದಾಗ ಅಥವಾ ನಿಧಾನವಾಗಿ ಟೈಪ್ ಮಾಡುವಾಗ ನಿಲ್ಲುತ್ತದೆ, ಅಕ್ಷರಗಳು ತಡವಾಗಿ ಗುಂಪಾಗಿ ಮೂಡುತ್ತವೆ, ಮೌಸ್ ಅಲುಗಾಡಿಸಿದರೆ ಸರಿಹೋಗುತ್ತದೆ, ವಿಡಿಯೊ ಓಡುವಾಗ ತೊಂದರೆಯೇ ಇಲ್ಲ, ಎಚ್‌ಡಿಎಂಐಗೆ ಜೋಡಿಸಿದ ಹೊರಗಿನ ಮಾನಿಟರ್‌ನಲ್ಲೂ ಇಲ್ಲ. "ಐ915.ಎನೇಬಲ್_ಪಿಎಸ್‌ಆರ್=0" ಹಾಕಿ ನೋಡಿ. ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಅಷ್ಟೇ.

ಅದರಿಂದ ಆಗದಿದ್ದರೆ "ಐ915.ಎನೇಬಲ್_ಎಫ್‌ಬಿಸಿ=0" (ಪರದೆಯ ಚಿತ್ರವನ್ನು ಕುಗ್ಗಿಸಿಡುವುದನ್ನು ನಿಲ್ಲಿಸುತ್ತದೆ), ಆಮೇಲೆ "ಐ915.ಎನೇಬಲ್_ಡಿಸಿ=0" (ಡಿಸ್‌ಪ್ಲೇ ಭಾಗದ ನಿದ್ರಾಸ್ಥಿತಿಗಳನ್ನು ನಿಲ್ಲಿಸುತ್ತದೆ). ಇಡೀ ಯಂತ್ರವೇ ಲಾಗ್ ಇಲ್ಲದೆ ನಿಲ್ಲುತ್ತಿದ್ದರೆ "ಇಂಟೆಲ್_ಐಡಲ್.ಮ್ಯಾಕ್ಸ್_ಸಿಸ್ಟೇಟ್=1" ಪರೀಕ್ಷಿಸಬಹುದು; ಬೇ ಟ್ರೇಲ್ ಪೀಳಿಗೆಯ ಆಟಮ್, ಸೆಲೆರಾನ್‌ಗಳಲ್ಲಿ ಸಿಪಿಯುವಿನ ಆಳವಾದ ನಿದ್ರಾಸ್ಥಿತಿಯಿಂದ ಹೀಗಾಗುತ್ತಿತ್ತು. ಇದು ಬ್ಯಾಟರಿಯನ್ನು ಚೆನ್ನಾಗಿಯೇ ತಿನ್ನುತ್ತದೆ, ಆದ್ದರಿಂದ ಕೊನೆಯ ಅಸ್ತ್ರವಾಗಿರಲಿ.

ಎಎಂಡಿ

ಇಲ್ಲೂ ಪಿಎಸ್‌ಆರ್ ಇದೆ, ಅದನ್ನು ನಿಲ್ಲಿಸಲು "ಎಎಂಡಿಜಿಪಿಯು.ಡಿಸಿಡೀಬಗ್‌ಮಾಸ್ಕ್=0ಎಕ್ಸ್10". ಪರದೆ ಬೆಳ್ಳಗಾಗುವುದು, ಮಿಣುಕುವುದು ಇದ್ದರೆ "ಎಎಂಡಿಜಿಪಿಯು.ಎಸ್‌ಜಿ_ಡಿಸ್‌ಪ್ಲೇ=0". ರಿಂಗ್ ಟೈಮ್‌ಔಟ್ ಮಾತ್ರ ಬೇರೆ ಜಾತಿ: ಯಾವುದೋ ಆಪ್ ಕಳಿಸಿದ ಕೆಲಸವನ್ನು ಜಿಪಿಯು ಮುಗಿಸಲಾಗಿಲ್ಲ. ಆ ಸಾಲಿನ ಹತ್ತಿರವೇ ಆಪ್‌ನ ಹೆಸರೂ ಇರುತ್ತದೆ. ಪ್ಯಾರಾಮೀಟರ್‌ಗಿಂತ ಮೊದಲು ಮೆಸಾ (ಆಪ್‌ಗಳು ಬಳಸುವ ಗ್ರಾಫಿಕ್ಸ್ ಲೈಬ್ರರಿ) ಮತ್ತು ಲಿನಕ್ಸ್-ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಬ್ರೌಸರ್ ಹೆಸರು ಕಂಡರೆ ಅದರ ಸೆಟ್ಟಿಂಗ್ಸ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ ಆಫ್ ಮಾಡಿ ನೋಡಿ. ಇಂಟೆಲ್‌ಗೂ ಇದೇ ಮಾತು.

ಎನ್‌ವಿಡಿಯಾ

ಎಕ್ಸ್‌ಐಡಿ ಮುಂದಿನ ಅಂಕಿಯೇ ಮುಖ್ಯ. 13 ಮತ್ತು 31 ಹೆಚ್ಚಾಗಿ ಆಪ್ ಅಥವಾ ಡ್ರೈವರ್ ದೋಷ. 79 ಎಂದರೆ ಜಿಪಿಯು ಪಿಸಿಐ ಬಸ್‌ನಿಂದಲೇ ಕಾಣೆಯಾಗಿದೆ: ಬಿಸಿ, ವಿದ್ಯುತ್ ಪೂರೈಕೆ, ಪವರ್ ಉಳಿಸುವ ವ್ಯವಸ್ಥೆ, ಇಲ್ಲವೇ ಹಾರ್ಡ್‌ವೇರ್. ಕರ್ನಲ್ ಅಪ್‌ಡೇಟ್ ಆದ ಮೇಲೆ ಶುರುವಾದರೆ "ಡಿಕೆಎಂಎಸ್ ಸ್ಟೇಟಸ್" ಓಡಿಸಿ ಹೊಸ ಕರ್ನಲ್‌ಗೆ ಎನ್‌ವಿಡಿಯಾ ಡ್ರೈವರ್‌ನ ಮಾಡ್ಯೂಲ್ ಕಟ್ಟಿದೆಯೇ ನೋಡಿ. ಸೆಕ್ಯೂರ್ ಬೂಟ್ ಆನ್ ಇದ್ದು ಮಾಡ್ಯೂಲ್‌ಗೆ ಸಹಿ ಇಲ್ಲದಿದ್ದರೆ ಅದು ಲೋಡ್ ಆಗುವುದೇ ಇಲ್ಲ. ಎರಡು ಜಿಪಿಯು ಇರುವ ಲ್ಯಾಪ್‌ಟಾಪ್ ಆದರೆ ಕೆಲವು ದಿನ ಇಂಟೆಲ್ ಅಥವಾ ಎಎಂಡಿ ಭಾಗ ಒಂದನ್ನೇ ಬಳಸಿ. ಹ್ಯಾಂಗ್ ನಿಂತರೆ ದೋಷ ಯಾರದೆಂದು ಗೊತ್ತಾಯಿತು.

ಡ್ರೈವರ್ ಯಾವುದೇ ಇರಲಿ, "ನೋಮೋಡ್‌ಸೆಟ್" ಹಾಕಿದರೆ ಹ್ಯಾಂಗ್ ನಿಲ್ಲುತ್ತದೆ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಪರೀಕ್ಷೆಗೆ ಮಾತ್ರ. ಅದು ಜಿಪಿಯು ಡ್ರೈವರನ್ನೇ ಬದಿಗಿಡುತ್ತದೆ. ಎಲ್ಲ ಚಿತ್ರವೂ ಸಿಪಿಯು ಮೇಲೆ ಬಿದ್ದು ಯಂತ್ರ ತೆವಳುತ್ತದೆ, ಬೆಳಕು ಏರಿಸಿ ಇಳಿಸುವುದೂ ಕೆಲಸ ಮಾಡದಿರಬಹುದು.

ಜಿಪಿಯು ತಪ್ಪೇ ಅಲ್ಲದಿದ್ದರೆ

ರ‍್ಯಾಮ್ ತುಂಬಿದಾಗ ಪರದೆ ಒಮ್ಮೆಲೇ ನಿಲ್ಲುವುದಿಲ್ಲ. ಕರ್ಸರ್ ಎಳೆದೆಳೆದು ಓಡುತ್ತದೆ, ಹಾಡು ತೊದಲುತ್ತದೆ, ಡಿಸ್ಕ್ ದೀಪ ಆರುವುದೇ ಇಲ್ಲ, ಆಮೇಲೆ ಎಲ್ಲ ಸ್ತಬ್ಧ. ಕರ್ನಲ್ ಕೊನೆಗೊಮ್ಮೆ ಯಾವುದನ್ನಾದರೂ ಕೊಲ್ಲುತ್ತದೆ, ಆದರೆ ಬಹಳ ತಡವಾಗಿ. ಅರ್ಲಿಊಮ್ ಅಥವಾ ಸಿಸ್ಟಮ್‌ಡಿ-ಊಮ್‌ಡಿ ಹಾಕಿಕೊಂಡರೆ ಆ ಕೆಲಸ ಬೇಗ ಆಗುತ್ತದೆ. ಝಡ್‌ರ‍್ಯಾಮ್ ಸ್ವಾಪ್ (ಮೆಮೊರಿಯಲ್ಲೇ ಡೇಟಾ ಕುಗ್ಗಿಸಿಡುವ ವ್ಯವಸ್ಥೆ) ಸೇರಿಸಿದರೆ ಆ ಹಂತಕ್ಕೆ ಹೋಗುವುದೇ ಕಡಿಮೆಯಾಗುತ್ತದೆ.

ಎನ್‌ವಿಎಂಇ (ಎಸ್‌ಎಸ್‌ಡಿಯ ಒಂದು ಬಗೆ) ಡಿಸ್ಕ್ ಇದ್ದು, ತೆರೆದ ಆಪ್ ಓಡುತ್ತಿದ್ದರೂ ಹೊಸದೇನೂ ತೆರೆಯದೆ ಕೊನೆಗೆ ಎಲ್ಲ ನಿಂತರೆ, ಡಿಸ್ಕ್ ತನ್ನ ಪವರ್ ಉಳಿತಾಯ ಸ್ಥಿತಿಯಿಂದ ಏಳುತ್ತಿಲ್ಲ ಎಂಬ ಅನುಮಾನ ಬರಲಿ. ಲಾಗ್‌ನಲ್ಲಿ "ಕಂಟ್ರೋಲರ್ ಈಸ್ ಡೌನ್" ಎಂದಿರಬಹುದು, ಬರೆಯಲಾಗದೆ ಖಾಲಿಯೂ ಇರಬಹುದು. "ಎನ್‌ವಿಎಂಇ_ಕೋರ್.ಡಿಫಾಲ್ಟ್_ಪಿಎಸ್_ಮ್ಯಾಕ್ಸ್_ಲೇಟೆನ್ಸಿ_ಯುಎಸ್=0" ಆ ಸ್ಥಿತಿಯನ್ನೇ ನಿಲ್ಲಿಸುತ್ತದೆ. ಇಂಥ ದೋಷ ಹಿಡಿಯಲು ಬೇರೆ ಯಂತ್ರದಿಂದ ಎಸ್‌ಎಸ್‌ಎಚ್ ಮಾಡಿ "ಸುಡೊ ಡಿಮೆಸ್ಜ್ -ಡಬ್ಲ್ಯು" ಓಡಿಸಿಟ್ಟು ಕಾಯಿರಿ. ಸಂದೇಶ ಡಿಸ್ಕಿಗೆ ಹೋಗದಿದ್ದರೂ ಆ ಪರದೆಗೆ ಬರುತ್ತದೆ.

ಭಾರದ ಕೆಲಸದಲ್ಲಿ ಮಾತ್ರ ನಿಲ್ಲುತ್ತಿದ್ದರೆ ಸೆನ್ಸರ್ಸ್ ಆಜ್ಞೆಯಿಂದ ಬಿಸಿ ನೋಡಿ, ಫ್ಯಾನ್ ದಾರಿಯ ಧೂಳು ತೆಗೆಯಿರಿ. ಹೊತ್ತುಗೊತ್ತಿಲ್ಲದೆ, ಬೇರೆ ಬೇರೆ ಸಂದೇಶಗಳೊಂದಿಗೆ ನಿಲ್ಲುತ್ತಿದ್ದರೆ ರಾತ್ರಿಯಿಡೀ ಮೆಮ್‌ಟೆಸ್ಟ್86+ ಓಡಿಸಿ. ಒಂದೇ ಒಂದು ದೋಷ ಬಂದರೂ ರ‍್ಯಾಮ್ ಬದಲಿಸಬೇಕು.

ಫ್ರೀಬಿಎಸ್‌ಡಿ ಆದರೆ

ಫ್ರೀಬಿಎಸ್‌ಡಿ ಲಿನಕ್ಸ್ ಅಲ್ಲ, ಬೇರೆಯೇ ಆಪರೇಟಿಂಗ್ ಸಿಸ್ಟಮ್. ಅದರಲ್ಲಿ ಸಿಸ್‌ಆರ್‌ಕ್ಯೂ ಇಲ್ಲ, ಎಸ್‌ಎಸ್‌ಎಚ್ ಮತ್ತು ಕಂಟ್ರೋಲ್+ಆಲ್ಟ್+ಎಫ್1 ಇವೆ, ಎಕ್ಸ್‌ಗೆ ಮರಳಲು ಸಾಮಾನ್ಯವಾಗಿ ಎಫ್9. ಲಾಗ್ /ವರ್/ಲಾಗ್/ಮೆಸೇಜಸ್‌ನಲ್ಲಿ. ಇಲ್ಲಿ ಹೆಚ್ಚಾಗಿ ಕಾಡುವುದು ಸಿಸ್ಟಮ್ ಅಪ್‌ಗ್ರೇಡ್ ಆದ ಮೇಲೆ ಕರ್ನಲ್‌ಗೂ ಗ್ರಾಫಿಕ್ಸ್ ಡ್ರೈವರ್‌ಗಳಿರುವ ಡಿಆರ್‌ಎಂ-ಕೆಮಾಡ್ ಪ್ಯಾಕೇಜ್‌ಗೂ ಹೊಂದಾಣಿಕೆ ತಪ್ಪುವುದು. ಪೋರ್ಟ್ಸ್‌ನಿಂದ (ಮೂಲ ಕೋಡ್‌ನಿಂದ ಪ್ಯಾಕೇಜ್ ಕಟ್ಟುವ ವ್ಯವಸ್ಥೆ) ಅದನ್ನು ಈಗಿನ ಕರ್ನಲ್‌ಗೆ ಹೊಂದುವಂತೆ ಮರಳಿ ಕಟ್ಟಿ.

ದೋಷ ವರದಿ ಮಾಡುವುದಾದರೆ

ಡ್ರೈವರ್ ದೋಷವೆಂದು ಖಚಿತವಾದರೆ ವರದಿಗೆ ಇವು ಬೇಕು: ಲ್ಯಾಪ್‌ಟಾಪ್ ಮಾದರಿ, ಜಿಪಿಯು ಹೆಸರು, ಕರ್ನಲ್ ಮತ್ತು ಮೆಸಾ ಆವೃತ್ತಿ, ವೇಲ್ಯಾಂಡ್ ಅಥವಾ ಎಕ್ಸ್11, ಹ್ಯಾಂಗ್ ಆದ ಸಮಯ, ಆ ಬೂಟ್‌ನ ಮೊದಲಿನಿಂದ ಕೊನೆಯವರೆಗಿನ ಕರ್ನಲ್ ಲಾಗ್, ಇಂಟೆಲ್ ಆದರೆ ಮೇಲೆ ಹೇಳಿದ ಎರರ್ ಫೈಲ್. ಹೆಚ್ಚಿನ ವಿವರ ಕೇಳಿದರೆ "ಡಿಆರ್‌ಎಂ.ಡೀಬಗ್=0ಎಕ್ಸ್ಇ" ಜೊತೆ "ಲಾಗ್_ಬಫ್_ಲೆನ್=4ಎಂ" ಹಾಕಿ ಮತ್ತೆ ಹ್ಯಾಂಗ್ ಆಗಲು ಬಿಡಿ; ಇಲ್ಲಿನ ಕೊನೆಯ ಎಂ ದೊಡ್ಡಕ್ಷರ. ಲಾಗ್‌ನ ಕೊನೆಯ ಹತ್ತು ಸಾಲು ಮಾತ್ರ ಕತ್ತರಿಸಿ ಕಳಿಸಬೇಡಿ. ಹ್ಯಾಂಗ್‌ಗೆ ಕಾರಣವಾದ ಎಚ್ಚರಿಕೆ ಎಷ್ಟೋ ಸಲ ಬೂಟ್ ಆದ ಮೊದಲ ನಿಮಿಷದಲ್ಲೇ ಬಂದಿರುತ್ತದೆ.